ಶಾಲೆ ಬಿಲ್ ಉಳಿಸಿದ್ರೆ ಅರ್ಧ ದುಡ್ಡು ಮಕ್ಕಳದ್ದು

ಊರಿಂದ ಫೋನ್ ಬಂದಾಗೆಲ್ಲ ನನ್ನ ತಂಗಿ ಕೇಳೋದು ಒಂದೇ, ಅಲ್ಲೂ ಈ ಪ್ರಾಜೆಕ್ಟ್ ಕಾಟ ಇದ್ಯಾ ಅಂತ. ಅವಳ ಪಾಲಿಗೆ ಪ್ರಾಜೆಕ್ಟ್ ಅಂದ್ರೆ ಭಾನುವಾರ ರಾತ್ರಿ ಹತ್ತು ಗಂಟೆಗೆ ನೆನಪಾಗೋ ಥರ್ಮೋಕೋಲು, ಫೆವಿಕಾಲು, ಝೆರಾಕ್ಸ್ ಅಂಗಡಿ ಬಾಗಿಲು ಹಾಕೋದ್ರೊಳಗೆ ತೆಗೆಸಬೇಕಾದ ಕಲರ್ ಪ್ರಿಂಟೌಟು, ಆಮೇಲೆ ಅಪ್ಪ ಮಾಡಿದ ಜ್ವಾಲಾಮುಖಿಗೆ ಮಗನಿಗೆ ಬರೋ ಮಾರ್ಕ್ಸು. ಇಲ್ಲಿ ಅದೆಲ್ಲ ಇಲ್ವೇ ಇಲ್ಲ ಅಂತ ಸುಳ್ಳು ಹೇಳಲ್ಲ. ಆದ್ರೆ ನಾವಿರೋ ಈ ಜರ್ಮನಿಲಿ, ಕೊಲೋನ್ ಹತ್ರದ ಸಣ್ಣ ಊರಲ್ಲಿ, ನನ್ನ ಮಗಳ ಶಾಲೇಲಿ ನಡೀತಿರೋ ಒಂದು ಪ್ರಾಜೆಕ್ಟ್ ಬಗ್ಗೆ ಬರೀಬೇಕು ಅನ್ನಿಸ್ತು, ಯಾಕಂದ್ರೆ ಅದ್ರಲ್ಲಿ ಅಪ್ಪ ಅಮ್ಮ ಕೈ ಹಾಕೋಕೆ ಜಾಗಾನೇ ಇಲ್ಲ.

ಇದನ್ನ ಫಿಫ್ಟಿ ಫಿಫ್ಟಿ ಅಂತಾರೆ, 1994ರಲ್ಲಿ ಹ್ಯಾಂಬರ್ಗ್‌ನಲ್ಲಿ ಶುರುವಾಗಿದ್ದು, ಆಮೇಲೆ ಜರ್ಮನಿ ತುಂಬಾ ಹಬ್ಬಿ ಯುರೋಪಿನ ಬೇರೆ ದೇಶಗಳಿಗೂ ಹೋಯ್ತು. ಐಡಿಯಾ ತುಂಬಾ ಸಿಂಪಲ್ಲು. ಇಲ್ಲಿ ಸರ್ಕಾರಿ ಶಾಲೆಗಳ ಕರೆಂಟು, ನೀರು, ಹೀಟಿಂಗ್ ಬಿಲ್ ಎಲ್ಲಾ ಕಟ್ಟೋದು ನಗರಸಭೆ, ಉರಿಸೋದು ಶಾಲೆ, ಹಾಗಾಗಿ ಲೈಟ್ ಆರಿಸಿದ್ರೂ ಶಾಲೆಗೆ ನಯಾಪೈಸೆ ಲಾಭ ಇರ್ಲಿಲ್ಲ, ಆರಿಸದಿದ್ರೂ ನಷ್ಟ ಇರ್ಲಿಲ್ಲ, ಯಾರಪ್ಪನ ಗಂಟು ಹೋಗ್ಬೇಕು ಹೇಳಿ. ಅದಕ್ಕೆ ಒಂದು ಒಪ್ಪಂದ ಮಾಡ್ಕೊಂಡ್ರು: ಹಿಂದಿನ ಕೆಲವು ವರ್ಷದ ಸರಾಸರಿ ಖರ್ಚಿಗಿಂತ ಎಷ್ಟು ಉಳಿಸ್ತೀರೋ ಅದ್ರಲ್ಲಿ ಅರ್ಧ ನಗರಸಭೆಗೆ, ಅರ್ಧ ಶಾಲೆಗೆ. ಚಳಿ ಜಾಸ್ತಿ ಇದ್ದ ವರ್ಷ ಹೀಟಿಂಗ್ ಜಾಸ್ತಿ ಆಗೇ ಆಗತ್ತಲ್ಲ, ಅದಕ್ಕೂ ಹವಾಮಾನದ ಲೆಕ್ಕ ಹಾಕಿ ಸರಿ ಮಾಡ್ತಾರೆ. ಊರಿಂದ ಊರಿಗೆ ರೂಲ್ಸು ಸ್ವಲ್ಪ ಬೇರೆ, ಕೆಲವು ಕಡೆ ಉಳಿತಾಯದ ಬದಲು ಮಾಡಿದ ಕೆಲಸ ನೋಡಿ ದುಡ್ಡು ಕೊಡ್ತಾರೆ.

ಸರಿ, ಉಳಿಸೋದು ಯಾರು? ಮಕ್ಕಳು. ಆರನೇ ಕ್ಲಾಸಿಂದ ಮೇಲಿನ ಒಂದಷ್ಟು ಹುಡುಗ ಹುಡುಗೀರು ಸೇರಿ ಎನರ್ಜಿ ಟೀಮ್ ಅಂತ ಮಾಡ್ಕೊಂಡಿದಾರೆ, ಜೊತೆಗೊಬ್ರು ಫಿಸಿಕ್ಸ್ ಟೀಚರು, ಇನ್ನೊಬ್ರು ಹೌಸ್‌ಮೈಸ್ಟರ್, ಅಂದ್ರೆ ಕಟ್ಟಡದ ಬೀಗದಿಂದ ಬಾಯ್ಲರ್ ತನಕ ಎಲ್ಲಾ ನೋಡ್ಕೊಳ್ಳೋ ಯಜಮಾನ್ರು. ನನ್ನ ಕೇಳಿದ್ರೆ ಇಡೀ ವ್ಯವಹಾರದಲ್ಲಿ ಹೆಡ್‌ಮಾಸ್ಟರ್‌ಗಿಂತ ಈ ಯಜಮಾನ್ರೇ ಮುಖ್ಯ. ಅವರು ಮುನಿಸ್ಕೊಂಡ್ರೆ ಪ್ರಾಜೆಕ್ಟ್ ಅಲ್ಲಿಗೇ ಖತಂ, ಯಾಕಂದ್ರೆ ನೆಲಮಾಳಿಗೆ ಕೀ ಇರೋದು ಅವರ ಸೊಂಟದಲ್ಲಿ. ಮೊದಮೊದಲು ಈ ಚಿಳ್ಳೆಪಿಳ್ಳೆಗಳು ನನಗೆ ಪಾಠ ಹೇಳೋಕೆ ಬಂದ್ವಲ್ಲಾ ಅಂತ ಅವರು ಸಿಡುಕ್ತಿದ್ರಂತೆ. ಆಮೇಲೆ ಮಕ್ಕಳು ಕ್ಲಾಸ್‌ರೂಮುಗಳಲ್ಲಿ ಟೆಂಪರೇಚರ್ ಬರ್ಕೊಳ್ಳೋ ಮೀಟರ್ ಇಟ್ಟು ಗ್ರಾಫ್ ತೆಗೆದು ತೋರಿಸಿದ್ರು, ಶನಿವಾರ ಭಾನುವಾರ ಖಾಲಿ ಕಟ್ಟಡಾನ ಪೂರ್ತಿ ಬೆಚ್ಚಗೆ ಇಡ್ತಿದೀವಿ ಅಂತ. ಟೈಮರ್ ಸರಿ ಮಾಡಿದ್ದು ಅವರೇ, ಕಂಡುಹಿಡಿದಿದ್ದು ಇವರು. ಈಗ ಪರಮ ಸ್ನೇಹ.

ಉಳಿದಿದ್ದೆಲ್ಲ ಸಣ್ಣ ಸಣ್ಣ ಕೆಲಸ, ಆದ್ರೆ ಮಜಾ ಇರೋದೇ ಅದ್ರಲ್ಲಿ. ಒಂದೇ ಬೋರ್ಡಲ್ಲಿ ನಾಲ್ಕು ಸ್ವಿಚ್ ಇರತ್ತೆ, ಯಾವುದು ಕಿಟಕಿ ಪಕ್ಕದ ಲೈಟು ಯಾವುದು ಗೋಡೆ ಪಕ್ಕದ್ದು ಅಂತ ಗೊತ್ತಾಗ್ದೆ ಎಲ್ಲರೂ ನಾಲ್ಕನ್ನೂ ಒತ್ತಿಬಿಡ್ತಾರೆ, ಅದಕ್ಕೆ ಬಣ್ಣದ ಸ್ಟಿಕರ್ ಅಂಟಿಸಿದ್ರು. ಚಳಿಗಾಲದಲ್ಲಿ ಕಿಟಕಿನ ದಿನವಿಡೀ ಓರೆಯಾಗಿ ತೆಗೆದಿಡೋ ಚಟ ಇಲ್ಲಿ ಎಲ್ಲರಿಗೂ, ಅದ್ರಿಂದ ಗೋಡೆ ತಣ್ಣಗಾಗತ್ತೆ ಹೊರತು ಗಾಳಿ ಸರಿಯಾಗಿ ಬದಲಾಗಲ್ಲ, ಅದರ ಬದಲು ಪೂರ್ತಿ ತೆಗೆದು ಐದು ನಿಮಿಷ ಬಿಟ್ಟು ಮುಚ್ಚಬೇಕು, ಪ್ರತಿ ಕ್ಲಾಸಲ್ಲೂ ಅದಕ್ಕೊಬ್ಬ ಡ್ಯೂಟಿ. ರೇಡಿಯೇಟರ್ ತಿರುಗಣೆಯಲ್ಲಿ 3 ಅಂದ್ರೆ ಸುಮಾರು 20 ಡಿಗ್ರಿ, 5ಕ್ಕೆ ತಿರುಗಿಸಿದ್ರೆ ಬೇಗ ಬಿಸಿ ಆಗಲ್ಲ, ಜಾಸ್ತಿ ಬಿಸಿ ಆಗತ್ತೆ ಅಷ್ಟೆ, ಮತ್ತೆ ಒಂದು ಡಿಗ್ರಿ ಕಮ್ಮಿ ಮಾಡಿದ್ರೆ ಹೀಟಿಂಗ್ ಖರ್ಚಲ್ಲಿ ಹೆಚ್ಚುಕಮ್ಮಿ ನೂರಕ್ಕೆ ಆರು ಭಾಗ ಉಳಿಯತ್ತೆ. ಇದನ್ನೆಲ್ಲ ನನಗೆ ಹೇಳಿಕೊಟ್ಟಿದ್ದು ಹನ್ನೆರಡು ವರ್ಷದ ಮಗಳು, ಅದೂ ನಮ್ಮನೆ ಹೀಟರ್ ತಿರುಗಿಸ್ತಾ. ಹಾಸನದಿಂದ ಬಂದ ನಮ್ಮತ್ತೆ ಮೂರು ಸ್ವೆಟರ್ ಹಾಕ್ಕೊಂಡು ಸೋಫಾದಲ್ಲಿ ಕೂತು ಇದ್ಯಾವ ವಿದ್ಯೆ ಕಲಿಸ್ತಾರಮ್ಮ ನಿಮ್ಮ ಜರ್ಮನಿಲಿ ಅಂತ ಬೈದಿದ್ದೂ ಆಯ್ತು.

ಈಗ ನೀವು ಹೇಳಬಹುದು, ನಾವೂ ಶಾಲೇಲಿ ಕೆಲಸ ಮಾಡಿಲ್ವಾ ಅಂತ. ಮಾಡಿದೀವಿ ರೀ, ಇಲ್ಲಿಯ ಮಕ್ಕಳಿಗಿಂತ ಜಾಸ್ತೀನೇ ಮಾಡಿದೀವಿ. ಕಸ ಗುಡಿಸಿದೀವಿ, ಬೋರ್‌ವೆಲ್ಲಿಂದ ನೀರು ಹೊತ್ತು ತೆಂಗಿನ ಸಸಿಗೆ ಹಾಕಿದೀವಿ. ಶಾಲಾ ಸಂಸತ್ತು ಅಂತ ಎಲೆಕ್ಷನ್ ಮಾಡಿ ಪ್ರಮಾಣವಚನ ಬೇರೆ, ನಾನು ಆರೋಗ್ಯ ಮಂತ್ರಿ ಆಗಿದ್ದೆ, ಇಡೀ ವರ್ಷ ನನ್ನ ಅಧಿಕಾರ ಅಂದ್ರೆ ಸೋಮವಾರ ಪ್ರೇಯರ್ ಹೊತ್ತಲ್ಲಿ ಉಗುರು ನೋಡೋದು. ಆಹಾರ ಮಂತ್ರಿಗೆ ಸಾರಿಗೆ ಉಪ್ಪು ಜಾಸ್ತಿ ಅಂತ ಹೇಳೋ ಧೈರ್ಯಾನೂ ಇರ್ಲಿಲ್ಲ. ಕರ್ನಾಟಕದಲ್ಲಿ ಮಕ್ಕಳ ಗ್ರಾಮಸಭೆ ಅಂತ ಒಂದು ಒಳ್ಳೆ ಪದ್ಧತಿ ಇದೆ, ಪಂಚಾಯ್ತಿಯೋರ ಮುಂದೆ ಮಕ್ಕಳೇ ಎದ್ದು ನಿಂತು ಶೌಚಾಲಯ ಬೇಕು, ಕಾಂಪೌಂಡ್ ಬೇಕು ಅಂತ ಕೇಳ್ತಾರೆ, ಅದು ನನಗೆ ನಿಜವಾಗ್ಲೂ ಇಷ್ಟ. ಆದ್ರೆ ಅಲ್ಲೂ ಕೇಳೋದು ಮಕ್ಕಳು, ಕೊಡೋದು ಬಿಡೋದು ದೊಡ್ಡೋರು. ವ್ಯತ್ಯಾಸ ಇರೋದು ದುಡ್ಡಲ್ಲಿ. ಇಲ್ಲಿ ಉಳಿಸಿದ ದುಡ್ಡನ್ನ ಏನು ಮಾಡ್ಬೇಕು ಅನ್ನೋದೂ ಮಕ್ಕಳ ತೀರ್ಮಾನ, ದೊಡ್ಡೋರಿಗೆ ಹಿಡಿಸದ ತೀರ್ಮಾನ ಆದ್ರೂ.

ಆ ತೀರ್ಮಾನ ಆಗೋ ಜಾಗ ಕ್ಲಾಸೆನ್‌ರಾಟ್, ಅಂದ್ರೆ ಕ್ಲಾಸಿನ ಮಕ್ಕಳೇ ನಡೆಸೋ ಸಭೆ, ವಾರಕ್ಕೊಂದು ಪೀರಿಯಡ್, ಎಲ್ಲರೂ ಸುತ್ತ ಕೂರ್ತಾರೆ, ಒಬ್ಬ ಸಭೆ ನಡೆಸ್ತಾನೆ, ಒಬ್ಬಳು ಬರ್ಕೋತಾಳೆ, ಒಬ್ಬ ಟೈಮ್ ನೋಡ್ತಾನೆ, ಟೀಚರ್ ಕೂಡ ಕೈ ಎತ್ತಿದ ಮೇಲೇ ಮಾತಾಡ್ಬೇಕು. ಅಲ್ಲಿಂದ ಪ್ರತಿನಿಧಿಗಳ ಮೂಲಕ ಮೇಲೆ ಹೋಗತ್ತೆ. ನಮ್ಮ ರಾಜ್ಯದಲ್ಲಿ, ಅಂದ್ರೆ ನಾರ್ಥ್ ರೈನ್ ವೆಸ್ಟ್‌ಫಾಲಿಯಾದಲ್ಲಿ, ಇಂಥ ಹೈಸ್ಕೂಲುಗಳ ಶಾಲಾ ಸಮಿತೀಲಿ ಟೀಚರ್ಸು, ಪೇರೆಂಟ್ಸು, ಮಕ್ಕಳು ಮೂರೂ ಕಡೆಯೋರಿಗೆ ಸಮ ಸೀಟು. ಈ ಸಲ ಬೀನ್ ಬ್ಯಾಗ್ ಬೇಕು ಅಂತ ಒಂದು ಪಾರ್ಟಿ, ಫುಟ್‌ಬಾಲ್ ಗೋಲ್‌ಗೆ ನೆಟ್ಟು ಅಂತ ಇನ್ನೊಂದು, ಸೈಕಲ್ ರಿಪೇರಿ ಸ್ಟ್ಯಾಂಡು ಅಂತ ಮಗಳ ಪಾರ್ಟಿ. ಪೋಸ್ಟರ್ ಜಗಳ, ಕಾರಿಡಾರ್ ಪ್ರಚಾರ ಎಲ್ಲಾ ಆಗಿ ಸೈಕಲ್ ಸ್ಟ್ಯಾಂಡ್ ಗೆದ್ದಿತು, ಅಂಗಡಿಗಳಿಗೆ ಫೋನ್ ಹಚ್ಚಿ ರೇಟ್ ಕೇಳಿದ್ದೂ ಅವರೇ. ನನಗಂತೂ ಬೀನ್ ಬ್ಯಾಗ್ ಸೋತಿದ್ದು ಸಮಾಧಾನ, ಹೇನಿನ ಸೀಸನ್‌ನಲ್ಲಿ ಅದನ್ನ ಯಾರು ತೊಳೀತಾರೆ.

ಎಲ್ಲಾ ಹೂವಿನ ಹಾಸಿಗೆ ಅಂದ್ಕೋಬೇಡಿ. ಟೀಮಲ್ಲಿ ಇಬ್ರು ಕತ್ತೆ ಚಾಕರಿ ಮಾಡೋದು, ನಾಲ್ಕು ಜನ ಫೋಟೋಗೆ ಬರೋದು, ಇದಕ್ಕೆ ದೇಶದ ಭೇದ ಇಲ್ಲ. ಮಗಳು ಟೀಚರ್ ಹತ್ರ ದೂರು ತಗೊಂಡು ಹೋದ್ಲು, ಅವರು ಹೌದಾ, ಮತ್ತೆ ಏನ್ ಮಾಡ್ತೀರಾ ಅಂತ ಕೇಳಿ ಕಾಫಿ ಕುಡೀತಾ ಕೂತ್ರಂತೆ. ನನಗೆ ಮೈ ಉರೀತು, ಇದೆಂಥ ಮೇಷ್ಟ್ರು ಅಂತ. ಕೊನೆಗೆ ಮಕ್ಕಳೇ ಯಾರು ಯಾವ ವಾರ ಮೀಟರ್ ಓದ್ಬೇಕು ಅಂತ ಹೆಸರು ಸಮೇತ ಪಟ್ಟಿ ಮಾಡಿ ನೋಟಿಸ್ ಬೋರ್ಡಿಗೆ ಹಾಕಿದ್ರು, ಓದದ ವಾರ ಗ್ರಾಫಲ್ಲಿ ಖಾಲಿ ಜಾಗ ಬಿಡ್ತಾರೆ, ಖಾಲಿ ಜಾಗದ ಕೆಳಗೆ ಹೆಸರು ಇರತ್ತೆ. ಬೈಗುಳಕ್ಕಿಂತ ಚೆನ್ನಾಗಿ ಕೆಲಸ ಮಾಡ್ತಿದೆ.

ಈಗ ಹೊಸ ಗಲಾಟೆ. ಉಳಿಸಿ ಉಳಿಸಿ ಖರ್ಚು ಇಳಿದಿದೆಯಲ್ಲ, ಇನ್ಮೇಲೆ ಆ ಇಳಿದ ಖರ್ಚನ್ನೇ ಹೋಲಿಕೆಗೆ ಇಟ್ಕೋತೀವಿ ಅಂತ ನಗರಸಭೆ ಹೇಳ್ತಿದೆ, ಹಾಗೆ ಮಾಡಿದ್ರೆ ಮುಂದೆ ಉಳಿತಾಯ ಅಂತ ತೋರಿಸೋಕೆ ಏನೂ ಸಿಗಲ್ಲ, ದುಡ್ಡೂ ಬರಲ್ಲ. ಮಕ್ಕಳು ಕೆಂಡಾಮಂಡಲ, ಗ್ರಾಫ್ ಸಮೇತ ಎರಡು ಪುಟದ ಪತ್ರ ರೆಡಿ ಮಾಡಿದಾರೆ. ನಾನೊಂದ್ಸಲ ಓದಿ ತಿದ್ದಿಕೊಡ್ತೀನಿ ಅಂದೆ, ಬೇಡಮ್ಮ ನಿನ್ನ ಜರ್ಮನ್‌ನಲ್ಲಿ ತಪ್ಪಿರತ್ತೆ ಅಂದ್ಬಿಟ್ಟು ಲ್ಯಾಪ್‌ಟಾಪ್ ಮುಚ್ಚಿದ್ಲು.