ಕ್ರ್ಯಾಂಕಿನ ಕೆಂಪು ತೆಗೆಯಲು ಹೋಗಿ ಕಲಿತದ್ದು

ಕಾರವಾರದ ಕೋಡಿಬಾಗದಲ್ಲಿ ನನ್ನದೊಂದು ಸೈಕಲ್ ರಿಪೇರಿ ಅಂಗಡಿ ಇದೆ. ಹೆಚ್ಚಿನ ಕೆಲಸ ಪಂಕ್ಚರ್, ಬ್ರೇಕ್, ತುಕ್ಕು ಹಿಡಿದ ಚೈನ್. ಗೇರ್ ಸೈಕಲ್‌ಗಳು ಜಾಸ್ತಿ ಆದ ಮೇಲೆ ಹೊಸ ಬಗೆಯ ಕೆಲಸವೂ ಬರುತ್ತಿದೆ. "ಈ ಅಲ್ಯೂಮಿನಿಯಂ ಭಾಗದ ಬಣ್ಣ ತೆಗೆದು ಬೆಳ್ಳಿ ಥರ ಹೊಳೆಯೋ ಹಾಗೆ ಮಾಡಿಕೊಡಿ" ಎಂದು ಕೇಳುವವರು ವರ್ಷಕ್ಕೆ ಏಳೆಂಟು ಜನ ಸಿಗುತ್ತಾರೆ. ಆ ಕೆಲಸದಲ್ಲಿ ನಾನು ಒಬ್ಬರ ಕ್ರ್ಯಾಂಕ್, ಅಂದರೆ ಪೆಡಲ್ ಕೂರುವ ತೋಳು, ಹಾಳು ಮಾಡಿದ್ದೇನೆ. ಮನೆಯಲ್ಲೇ ಇದನ್ನು ಮಾಡಲು ಹೊರಟವರಿಗೆ ಉಪಯೋಗಕ್ಕೆ ಬರಲಿ ಎಂದು ನಡೆದದ್ದನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ.

ಅಂಕೋಲಾ ಕಡೆಯ ಒಬ್ಬ ಕಾಲೇಜು ಹುಡುಗ ಹಳೆಯ ಸೈಕಲ್ ಒಂದನ್ನು ತಂದಿದ್ದ. ಅದರ ಕ್ರ್ಯಾಂಕ್ ಒಂದು ಕಾಲಕ್ಕೆ ಕಡುಗೆಂಪು ಇದ್ದಿರಬೇಕು. ಬಿಸಿಲಿಗೆ ಮಾಸಿ ಮಾಸಿ ಗುಲಾಬಿ ಆಗಿತ್ತು. ನಾನು ಅದನ್ನು ಪೇಂಟ್ ಎಂದೇ ತಿಳಿದಿದ್ದೆ. ಥಿನ್ನರ್ ಹಚ್ಚಿದೆ, ಏನೂ ಆಗಲಿಲ್ಲ. ಪೇಂಟ್ ರಿಮೂವರ್ ಹಚ್ಚಿದೆ, ಅದೂ ಜಾರಿ ಕೆಳಗೆ ಬಿತ್ತು. ಕೊನೆಗೆ ಸ್ಯಾಂಡ್‌ಪೇಪರ್ ಹಿಡಿದು ಕೂತೆ. ಎರಡು ತಾಸು ಉಜ್ಜಿದ ಮೇಲೆ ಅಂಗೈ ಅಗಲ ಬಿಳಿಯಾಗಿತ್ತು, ಪೇಪರ್ ಮಾತ್ರ ನುಣ್ಣಗೆ ಸವೆದು ಹೋಗಿತ್ತು.

ಯಾಕೆ ಹೀಗೆ ಎಂದು ಆಮೇಲೆ ಓದಿ ತಿಳಿದುಕೊಂಡೆ. ಆ ಕೆಂಪು ಪೇಂಟ್ ಅಲ್ಲ, ಆನೊಡೈಸಿಂಗ್. ಆನೊಡೈಸಿಂಗ್ ಅಂದರೆ ಮೇಲಿಂದ ಬಳಿದ ಬಣ್ಣ ಅಲ್ಲ. ಅಲ್ಯೂಮಿನಿಯಂ ತುಂಡನ್ನು ಗಂಧಕಾಮ್ಲದ ತೊಟ್ಟಿಯಲ್ಲಿ ತೂಗುಬಿಟ್ಟು ಕರೆಂಟ್ ಹರಿಸುತ್ತಾರೆ. ಆಗ ಲೋಹದ ಮೈಯೇ ಅಲ್ಯೂಮಿನಿಯಂ ಆಕ್ಸೈಡ್ ಆಗಿ ಬದಲಾಗುತ್ತದೆ. ಆ ಪದರದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ತೂತುಗಳಿರುತ್ತವೆ. ಬಣ್ಣ ಅದರೊಳಗೆ ಇಳಿಯುತ್ತದೆ. ಕೊನೆಗೆ ಬಿಸಿನೀರಲ್ಲಿ ಅದ್ದಿದರೆ ತೂತುಗಳು ಮುಚ್ಚಿಕೊಳ್ಳುತ್ತವೆ, ಬಣ್ಣ ಒಳಗೇ ಉಳಿಯುತ್ತದೆ. ಇನ್ನು ನಾನು ಉಜ್ಜಿದ ಪೇಪರ್ ಮೇಲಿನ ಹರಳು ಯಾವುದು ಗೊತ್ತಾ? ಬಹಳಷ್ಟು ಸ್ಯಾಂಡ್‌ಪೇಪರ್‌ಗಳಲ್ಲಿ ಅದೂ ಅಲ್ಯೂಮಿನಿಯಂ ಆಕ್ಸೈಡೇ. ಎರಡು ತಾಸು ನಾನು ಒಂದೇ ಜಾತಿಯ ವಸ್ತುವನ್ನು ಒಂದಕ್ಕೊಂದು ಉಜ್ಜುತ್ತಾ ಕೂತಿದ್ದೆ.

ಹುಣಸೆಹಣ್ಣು, ಮುರುಗಲು ಹುಳಿ ಹಚ್ಚಿ ನೋಡಿದವರೂ ಇದ್ದಾರೆ. ಅದರಿಂದ ತಾಮ್ರದ ಹಂಡೆ ಫಳಫಳ ಆಗುತ್ತದೆ. ಈ ಪದರ ಮಾತ್ರ ಅಂಥ ಹುಳಿಗೆ ಜಪ್ಪಯ್ಯ ಅಂದರೂ ಜಗ್ಗುವುದಿಲ್ಲ. ಅದಕ್ಕೆ ಆಗದಿರುವುದು ಕ್ಷಾರ. ಹೊಸ ಮನೆಗೆ ಅಲ್ಯೂಮಿನಿಯಂ ಕಿಟಕಿ ಕೂರಿಸಿದ ಮೇಲೆ ಗಾರೆ ಕೆಲಸ ಮಾಡಿಸಿದವರನ್ನು ಕೇಳಿ ನೋಡಿ. ಹಸಿ ಸಿಮೆಂಟ್ ಅಥವಾ ಸುಣ್ಣ ಬಿದ್ದು ಒಣಗಿದ ಕಡೆ ಬಿಳಿ ಕಲೆ ಕೂತಿರುತ್ತದೆ. ಎಷ್ಟು ಒರೆಸಿದರೂ ಹೋಗುವುದಿಲ್ಲ. ಅಲ್ಲಿ ಸುಣ್ಣದ ಕ್ಷಾರ ಆನೊಡೈಸ್ ಪದರವನ್ನು ತಿಂದಿದೆ.

ಸೈಕಲ್ ಭಾಗಕ್ಕೆ ಬಳಸುವುದು ಕಾಸ್ಟಿಕ್ ಸೋಡಾ. ಹಾರ್ಡ್‌ವೇರ್ ಅಂಗಡಿಯಲ್ಲಿ ಬಿಳಿ ಚೂರುಗಳ ರೂಪದಲ್ಲಿ ಸಿಗುತ್ತದೆ. ಸಾಬೂನು ಮಾಡುವವರು, ಕಟ್ಟಿದ ಪೈಪ್ ಬಿಡಿಸುವವರು ಒಯ್ಯುವುದು ಅದನ್ನೇ. ಅಲ್ಯೂಮಿನಿಯಂ ಉದ್ಯಮಕ್ಕೂ ಇದು ಹಳೆಯ ನಂಟು. ಬಾಕ್ಸೈಟ್ ಅದಿರಿನಿಂದ ಅಲ್ಯೂಮಿನಿಯಂ ಆಕ್ಸೈಡ್ ಬೇರೆ ಮಾಡುವುದು ಬಿಸಿ ಕಾಸ್ಟಿಕ್ ಸೋಡಾದಲ್ಲಿ ಕರಗಿಸಿಯೇ. ಘಟ್ಟದ ಮೇಲೆ ಬೆಳಗಾವಿಯ ಹಿಂಡಾಲ್ಕೊ ಕಾರ್ಖಾನೆಯಲ್ಲಿ ನಡೆಯುವುದೂ ಅದೇ ಕೆಲಸ. ಅಲ್ಲಿ ದೊಡ್ಡ ತೊಟ್ಟಿಯಲ್ಲಿ ಕರಗುವ ವಸ್ತುವೇ ನನ್ನ ಬಕೆಟ್ಟಿನಲ್ಲೂ ಕರಗಬೇಕು.

ಮೊದಲು ಸೋಡಾ ಕರಗಿಸಿದ ನೀರಿಗೆ ಒಂದು ಸೀಟ್ ಕ್ಲ್ಯಾಂಪ್ (ಸೀಟಿನ ಕೊಳವೆಯನ್ನು ಬಿಗಿಯುವ ಪಟ್ಟಿ) ಹಾಕಿ ನೋಡಿದೆ. ಒಂದೆರಡು ನಿಮಿಷದಲ್ಲಿ ಬಣ್ಣ ಮೋಡದ ಹಾಗೆ ನೀರಿಗೆ ಬಿಟ್ಟುಕೊಂಡಿತು. ಹತ್ತು ನಿಮಿಷದಲ್ಲಿ ಕೆಲಸ ಮುಗಿದಿತ್ತು. ಇಷ್ಟು ಸುಲಭವಾ ಅನ್ನಿಸಿಬಿಟ್ಟಿತು. ಆ ಧೈರ್ಯವೇ ಮರುದಿನ ನನಗೆ ಕೈಕೊಟ್ಟಿತು.

ಅದು ಏಪ್ರಿಲ್ ತಿಂಗಳು, ಮಧ್ಯಾಹ್ನದ ಸೆಕೆ. ಕ್ರ್ಯಾಂಕ್ ದೊಡ್ಡದು ಎಂದು ಸೋಡಾವನ್ನು ಅಳೆಯದೆ ಎರಡು ಮುಷ್ಟಿಯಷ್ಟು ಜಾಸ್ತಿಯೇ ಹಾಕಿದೆ. ಭಾಗ ಇಳಿಸಿದೆ. ಅಷ್ಟರಲ್ಲಿ ಒಬ್ಬ ಶಾಲೆ ಹುಡುಗನ ಚೈನ್ ಚಕ್ರಕ್ಕೆ ಸಿಕ್ಕಿಕೊಂಡು ಅಳುತ್ತಾ ಬಂದ. ಅದನ್ನು ಬಿಡಿಸಿ, ಬ್ರೇಕ್ ಸರಿ ಮಾಡಿ ಕಳಿಸುವ ಹೊತ್ತಿಗೆ 40 ನಿಮಿಷ ಆಗಿತ್ತು. ಹಿಂದೆ ಹೋಗಿ ನೋಡುತ್ತೇನೆ, ಬಕೆಟ್ ಹೊರಗಿನಿಂದ ಮುಟ್ಟಿದರೂ ಬಿಸಿ. ಮೇಲೆ ಬೂದು ಬಣ್ಣದ ನೊರೆ ಉಕ್ಕುತ್ತಿದೆ. ಗಂಟಲು ಕೆರೆಯುವಂಥ ಹಬೆ.

ತೆಗೆದು ತೊಳೆದಾಗ ಕ್ರ್ಯಾಂಕಿನ ಮೈ ರವೆ ರವೆ ಆಗಿತ್ತು. ಅದನ್ನು ಉಜ್ಜಿ ಸರಿ ಮಾಡಬಹುದಿತ್ತು. ಆದರೆ ಪೆಡಲ್ ಕೂರುವ ತೂತಿನ ಥ್ರೆಡ್ ನೋಡಿ ಎದೆ ಧಸಕ್ ಅಂದಿತು. ಅಲ್ಲಿ ಒಂದು ಇಂಚಿಗೆ 20 ಸುತ್ತು ಇರುತ್ತದೆ, ಒಂದೊಂದರ ಆಳ ಒಂದು ಮಿಲಿಮೀಟರ್ ಕೂಡ ಇಲ್ಲ. ಆ ಚೂಪು ಅಂಚುಗಳು ಸವೆದು ಗುಂಡಗಾಗಿದ್ದವು. ಪೆಡಲ್ ಹಾಕಿದರೆ ಲೊಡಲೊಡ ಅಲ್ಲಾಡುತ್ತಿತ್ತು. ಆ ಕಾಲೇಜು ಹುಡುಗ ಆಗಾಗ ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಹೋಗುವವನು. ಏರಿನಲ್ಲಿ ಎದ್ದು ನಿಂತು ತುಳಿಯುವಾಗ ಪೆಡಲ್ ಕಿತ್ತುಬಂದರೆ ಗತಿ ಏನು? ಅವನಿಗೆ ಫೋನ್ ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ನನ್ನ ದುಡ್ಡಿನಲ್ಲೇ ಬೇರೆ ಕ್ರ್ಯಾಂಕ್ ತರಿಸಿ ಹಾಕಿಕೊಟ್ಟೆ. ಹಾಳಾದದ್ದು ಈಗಲೂ ಅಂಗಡಿಯ ಗೋಡೆಯ ಮೇಲೆ ಮೊಳೆಗೆ ತೂಗುತ್ತಿದೆ.

ಅಲ್ಲಿ ಆದದ್ದು ಇಷ್ಟು. ಆಕ್ಸೈಡ್ ಪದರ ಕರಗಿ ಮುಗಿದರೂ ಸೋಡಾ ನಿಲ್ಲುವುದಿಲ್ಲ. ಅದರಡಿಯ ಅಲ್ಯೂಮಿನಿಯಂ ಅನ್ನೂ ತಿನ್ನಲು ಶುರು ಮಾಡುತ್ತದೆ. ಹಾಗೆ ತಿನ್ನುವಾಗ ಹೈಡ್ರೋಜನ್ ಅನಿಲ ಬರುತ್ತದೆ, ಶಾಖವೂ ಹುಟ್ಟುತ್ತದೆ. ದ್ರಾವಣ ಬಿಸಿಯಾದಷ್ಟೂ ತಿನ್ನುವ ವೇಗ ಹೆಚ್ಚುತ್ತದೆ, ವೇಗ ಹೆಚ್ಚಿದಷ್ಟೂ ಇನ್ನೂ ಬಿಸಿ. ಮೊದಲ ಹತ್ತು ನಿಮಿಷದಲ್ಲಿ ಆಗುವುದಕ್ಕಿಂತ ಕೊನೆಯ ಹತ್ತು ನಿಮಿಷದಲ್ಲಿ ಆಗುವ ಹಾನಿ ಎಷ್ಟೋ ಪಾಲು ದೊಡ್ಡದು. ಹಾಗಾಗಿ "ಎಷ್ಟು ನಿಮಿಷ ಇಡಬೇಕು?" ಎಂದು ಯಾರಾದರೂ ಕೇಳಿದರೆ ನಾನು ಈಗ ನಿಮಿಷದ ಲೆಕ್ಕ ಹೇಳುವುದಿಲ್ಲ. ಗುಳ್ಳೆ ನೋಡಿ ಎನ್ನುತ್ತೇನೆ. ಪದರ ಇರುವ ತನಕ ಗುಳ್ಳೆ ಕಡಿಮೆ, ಬಣ್ಣ ಮಾತ್ರ ಬಿಡುತ್ತಿರುತ್ತದೆ. ಇಡೀ ಮೈಯಿಂದ ಸೋಡಾ ಬಾಟಲಿ ತೆರೆದ ಹಾಗೆ ಸಣ್ಣ ಗುಳ್ಳೆ ಏಳತೊಡಗಿತು ಅಂದರೆ ಬರಿ ಲೋಹ ಸಿಕ್ಕಿದೆ ಎಂದರ್ಥ. ಆ ಕ್ಷಣ ಹೊರಗೆ ತೆಗೆಯಬೇಕು.

ಈಗ ನಾನು ಮಾಡುವ ರೀತಿ ಹೀಗಿದೆ. ಲೀಟರ್ ನೀರಿಗೆ 50 ಗ್ರಾಂ ಸೋಡಾ, ತಕ್ಕಡಿಯಲ್ಲಿ ತೂಗಿಯೇ. ಮೊದಲು ತಣ್ಣೀರು, ಆಮೇಲೆ ಸ್ವಲ್ಪ ಸ್ವಲ್ಪವೇ ಸೋಡಾ. ಯಾವತ್ತೂ ಸೋಡಾದ ಮೇಲೆ ನೀರು ಸುರಿಯಬಾರದು, ಕುದ್ದು ಮುಖಕ್ಕೆ ಸಿಡಿಯುತ್ತದೆ. ಪ್ಲಾಸ್ಟಿಕ್ ಬಕೆಟ್ ಮಾತ್ರ. ಶಿರಸಿ ಕಡೆಯ ಅಡಿಕೆ ತೋಟದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣ ಕಲಸುವಾಗ ಮೈಲುತುತ್ತವನ್ನು ಅವರೂ ಕಬ್ಬಿಣದ ಪಾತ್ರೆಯಲ್ಲಿ ನೆನೆಹಾಕುವುದಿಲ್ಲ. ನಮ್ಮದಕ್ಕೆ ಅಲ್ಯೂಮಿನಿಯಂ ಪಾತ್ರೆ ಆಗದು, ಪಾತ್ರೆಯೇ ಕರಗಿಹೋದೀತು.

ಉದ್ದ ತೋಳಿನ ರಬ್ಬರ್ ಗ್ಲೌಸ್, ಪಕ್ಕದಲ್ಲೂ ಮುಚ್ಚುವ ಕನ್ನಡಕ, ಕಾಲಿಗೆ ಬೂಟು. ಸೋಡಾ ನೀರು ಬೆರಳಿಗೆ ತಾಗಿದರೆ ಮೊದಲು ಉರಿ ಗೊತ್ತಾಗದೇ ಇರಬಹುದು, ಸಾಬೂನಿನ ಹಾಗೆ ಜಾರುತ್ತದೆ. ನಮ್ಮ ಚರ್ಮದ ಜಿಡ್ಡೇ ಸಾಬೂನು ಆಗುತ್ತಿರುತ್ತದೆ. ಆಗಲೇ ಹರಿಯುವ ನೀರಿಗೆ ಕೈ ಒಡ್ಡಬೇಕು. ಕಣ್ಣಿಗೆ ಸಿಡಿದರೆ ಕಮ್ಮಿ ಅಂದರೂ 20 ನಿಮಿಷ ನೀರು ಹರಿಸುತ್ತಾ ಇರಬೇಕು, ಕೂಡಲೇ ಆಸ್ಪತ್ರೆಗೆ ಹೋಗಬೇಕು. ಕಣ್ಣೇ ಹೋಗಬಹುದಾದ ವಸ್ತು ಇದು. ವಿನೆಗರ್ ಹಾಕಿದರೆ ಕ್ಷಾರ ಸರಿಹೋಗುತ್ತದೆ ಎಂದು ಕಣ್ಣಿಗೋ ಗಾಯಕ್ಕೋ ಹಾಕಲು ಹೋಗಬೇಡಿ, ನೀರೇ ಸಾಕು. ಬಕೆಟ್ ಇಡುವುದು ಅಂಗಳದಲ್ಲಿ, ಮಕ್ಕಳು, ನಾಯಿ ಸುಳಿಯದ ಕಡೆ. ಹೈಡ್ರೋಜನ್‌ಗೆ ಬೆಂಕಿ ತಾಗಿದರೆ ಹೊತ್ತಿಕೊಳ್ಳುತ್ತದೆ. ಹತ್ತಿರ ಬೀಡಿ, ಒಲೆ ಯಾವುದೂ ಇರಬಾರದು.

ಭಾಗವನ್ನು ಪೂರ್ತಿ ಬಿಚ್ಚಿ, ಬೇರಿಂಗ್, ಸ್ಟೀಲ್ ಬೋಲ್ಟ್ ಎಲ್ಲ ತೆಗೆದು, ಗ್ರೀಸ್ ಒರೆಸಿ ಹಾಕುತ್ತೇನೆ. ಥ್ರೆಡ್ ಇರುವ ತೂತುಗಳಿಗೆ ಹಳೆಯ ಸೈಕಲ್ ಟ್ಯೂಬ್ ಕತ್ತರಿಸಿ ಪ್ಲಾಸ್ಟಿಕ್ ಬಿರಡೆಗೆ ಸುತ್ತಿ ಬಿಗಿಯಾಗಿ ತುರುಕುತ್ತೇನೆ. ಸ್ಟೀಲ್ ಬೋಲ್ಟ್ ಹಾಕಿ ಮುಚ್ಚುವುದು ಸರಿಯಲ್ಲ. ಎರಡು ಲೋಹ ತಾಗಿಕೊಂಡರೆ ಅದರ ಸುತ್ತಲೇ ಅಲ್ಯೂಮಿನಿಯಂ ಬೇಗ ಕರಗುತ್ತದೆ. ಎರಡೆರಡು ನಿಮಿಷಕ್ಕೆ ಎತ್ತಿ ನೋಡುತ್ತೇನೆ. ಆ ಹೊತ್ತಿನಲ್ಲಿ ಅಂಗಡಿಗೆ ಯಾರೇ ಬರಲಿ, ಕಾಯಲು ಹೇಳುತ್ತೇನೆ. ಏಳಲೇಬೇಕು ಅಂದರೆ ಭಾಗವನ್ನು ಮೊದಲು ನೀರಿಗೆ ಹಾಕಿ ಏಳುತ್ತೇನೆ.

ಹೊರಗೆ ಬಂದಾಗ ಅದು ಕಪ್ಪಗಿರುತ್ತದೆ. ನೋಡಿದವರು ಹಾಳಾಯಿತು ಎಂದು ಹೆದರುತ್ತಾರೆ. ಸೈಕಲ್ ಭಾಗಗಳು ಶುದ್ಧ ಅಲ್ಯೂಮಿನಿಯಂ ಅಲ್ಲ, ಬಲಕ್ಕೆಂದು ತಾಮ್ರ, ಮೆಗ್ನೀಸಿಯಂ, ಸಿಲಿಕಾನ್ ಥರದ್ದು ಬೆರೆತಿರುತ್ತದೆ. ಸೋಡಾದಲ್ಲಿ ಕರಗದೆ ಉಳಿದದ್ದು ಮಸಿಯ ಹಾಗೆ ಮೇಲೆ ಕೂರುತ್ತದೆ. ಪಾತ್ರೆ ತೊಳೆಯುವ ಸೋಪು, ಹಳೇ ಹಲ್ಲುಜ್ಜುವ ಬ್ರಷ್ ಸಾಕು. ಕಾರ್ಖಾನೆಗಳಲ್ಲಿ ನೈಟ್ರಿಕ್ ಆಮ್ಲ ಬಳಸುತ್ತಾರೆ, ನಾನು ಅದನ್ನು ಅಂಗಡಿಯೊಳಗೇ ಬಿಟ್ಟುಕೊಳ್ಳುವುದಿಲ್ಲ.

ಪದರ ಪೂರ್ತಿ ಹೋಗಿದೆಯಾ ಎಂದು ತಿಳಿಯಲು ಮಲ್ಟಿಮೀಟರ್ ಒಳ್ಳೆಯದು. ಬೀಪ್ ಮೋಡಿಗಿಟ್ಟು ಎರಡೂ ಮೊನೆಗಳನ್ನು ಹಗುರವಾಗಿ ತಾಗಿಸಿ. ಆನೊಡೈಸ್ ಪದರದಲ್ಲಿ ಕರೆಂಟ್ ಹರಿಯುವುದಿಲ್ಲ. ಬೀಪ್ ಬಂತು ಅಂದರೆ ಬರಿ ಲೋಹ. ಒತ್ತಿ ಚುಚ್ಚಿದರೆ ಪದರ ಸೀಳಿ ಸುಳ್ಳು ಬೀಪ್ ಬರುತ್ತದೆ. ಆಮೇಲೆ 400, 800, 1200, 2000 ನಂಬರಿನ ಪೇಪರ್‌ನಲ್ಲಿ ನೀರು ಹಾಕಿ ಉಜ್ಜಿ, ಬ್ರಾಸೋ ಪಾಲಿಶ್ ಹಚ್ಚಿ ಬಟ್ಟೆಯಲ್ಲಿ ತಿಕ್ಕಿದರೆ ಮುಖ ಕಾಣುತ್ತದೆ.

ಉಳಿದ ಸೋಡಾ ನೀರನ್ನು ಬಾವಿ ಕಡೆ, ತೆಂಗಿನ ಬುಡಕ್ಕೆ, ಹೊಳೆಗೆ ಚೆಲ್ಲಬೇಡಿ. ನಮ್ಮದು ಚಿರೆಕಲ್ಲಿನ ನೆಲ, ಬೇಗ ಕೆಳಗಿಳಿದು ಬಾವಿ ಸೇರುತ್ತದೆ. ತಣಿದ ಮೇಲೆ ವಿನೆಗರ್ ಸ್ವಲ್ಪ ಸ್ವಲ್ಪ ಹಾಕುತ್ತಾ ಅರಿಶಿನದ ನೀರಲ್ಲಿ ಅದ್ದಿದ ಕಾಗದ ಮುಳುಗಿಸಿ ನೋಡಿ. ಕ್ಷಾರ ಇದ್ದರೆ ಕಾಗದ ಕುಂಕುಮದ ಬಣ್ಣಕ್ಕೆ ತಿರುಗುತ್ತದೆ. ಹಳದಿ ಹಳದಿಯಾಗೇ ಉಳಿದ ಮೇಲೆ ಜಾಸ್ತಿ ನೀರು ಬೆರೆಸಿ ಬಚ್ಚಲಿನ ಪೈಪಿಗೆ ಬಿಡಬಹುದು.

ಕೆಲವು ಭಾಗಗಳನ್ನು ಯಾರು ಎಷ್ಟು ಕೇಳಿದರೂ ನಾನು ಮುಟ್ಟುವುದಿಲ್ಲ. ಮುಂದಿನ ಚಕ್ರ ಹಿಡಿಯುವ ಸಸ್ಪೆನ್ಷನ್ ಫೋರ್ಕಿನ ಕೊಳವೆಯ ಆನೊಡೈಸಿಂಗ್ ಚೆಂದಕ್ಕೆ ಮಾಡಿದ್ದಲ್ಲ. ಸೀಲ್‌ಗಳು ಅದರ ಮೇಲೆಯೇ ಜಾರಬೇಕು. ರಿಮ್ ಟೊಳ್ಳು, ಕಡ್ಡಿ ತೂತಿನಿಂದ ಒಳಹೋದ ಸೋಡಾ ಪೂರ್ತಿ ಹೊರಬರುವುದಿಲ್ಲ. ಅಂಟಿನಿಂದ ಜೋಡಿಸಿದ ಭಾಗ, ಕಾರ್ಬನ್ ಇರುವ ಭಾಗ ಬೇಡ. ಹ್ಯಾಂಡಲ್ ಮತ್ತು ಅದನ್ನು ಹಿಡಿದಿಡುವ ಸ್ಟೆಮ್ ವಿಷಯದಲ್ಲಿ ಬೇರೆ ಮೆಕ್ಯಾನಿಕ್‌ಗಳು ಒಪ್ಪದೇ ಇರಬಹುದು, ನಾನಂತೂ ಮಾಡುವುದಿಲ್ಲ. ರವೆ ರವೆಯಾದ ಮೈಯಿಂದಲೇ ಬಿರುಕು ಶುರುವಾಗುತ್ತದೆ, ಹ್ಯಾಂಡಲ್ ಮುರಿದರೆ ಹಿಡಿದುಕೊಳ್ಳಲು ಬೇರೆ ಏನೂ ಇರುವುದಿಲ್ಲ.

ಇಷ್ಟೆಲ್ಲ ಸರಿಯಾಗಿ ಮಾಡಿದರೂ ನಮ್ಮ ಕರಾವಳಿಯಲ್ಲಿ ಇನ್ನೊಂದು ಪ್ರಶ್ನೆ ಉಳಿಯುತ್ತದೆ. ಆ ಪದರ ಇದ್ದದ್ದೇ ಲೋಹ ಕಾಯಲು. ಬಣ್ಣದ ಆನೊಡೈಸಿಂಗ್ ಸುಮಾರು 10 ಮೈಕ್ರಾನ್ ದಪ್ಪ ಇರುತ್ತದೆ. ತಲೆಕೂದಲಿನ ಏಳನೇ ಒಂದು ಪಾಲು ಅನ್ನಿ. ತೆಗೆದ ಮೇಲೂ ಗಾಳಿ ತಾಗಿ ತಾನಾಗೇ ಒಂದು ಪದರ ಮೂಡುತ್ತದೆ, ನಿಜ. ಆದರೆ ಅದು ಕೆಲವೇ ನ್ಯಾನೋಮೀಟರ್, ಮೊದಲಿನದಕ್ಕಿಂತ ಸಾವಿರಾರು ಪಟ್ಟು ತೆಳು. ಉಪ್ಪು ಗಾಳಿಯ ಎದುರು ಅದು ನಿಲ್ಲುವುದಿಲ್ಲ.

ಕ್ರ್ಯಾಂಕ್ ಕೆಟ್ಟ ವರ್ಷವೇ ನಾನು ಒಂದು ಪರೀಕ್ಷೆ ಮಾಡಿದೆ. ಒಂದೇ ಥರದ ಮೂರು ಸೀಟ್ ಕ್ಲ್ಯಾಂಪ್‌ಗಳನ್ನು ಅಂಗಡಿಯ ಮುಂದಿನ ಮಾಡಿನ ಅಂಚಿಗೆ ಕಟ್ಟಿದೆ. ಒಂದರಲ್ಲಿ ಕಂಪನಿಯ ಆನೊಡೈಸಿಂಗ್ ಹಾಗೇ ಇತ್ತು. ಇನ್ನೊಂದು ಬಣ್ಣ ತೆಗೆದು ಪಾಲಿಶ್ ಮಾಡಿದ್ದು. ಮೂರನೆಯದಕ್ಕೆ ಪಾಲಿಶ್ ಮಾಡಿ 15 ದಿನಕ್ಕೊಮ್ಮೆ ಕಾರಿನ ವ್ಯಾಕ್ಸ್ ಹಚ್ಚುತ್ತಿದ್ದೆ. ಜೂನ್‌ನಿಂದ ಮಳೆಗಾಲ ಮುಗಿಯುವ ತನಕ ಅಲ್ಲೇ ಇದ್ದವು. ಚೌತಿ ಹೊತ್ತಿಗೆ ಎರಡನೆಯದರ ಮೈಮೇಲೆಲ್ಲ ಬಿಳಿ ಹಿಟ್ಟು, ಒರೆಸಿದರೆ ಅಡಿಯಲ್ಲಿ ಸೂಜಿಮೊನೆಯಂಥ ಗುಳಿಗಳು. ವ್ಯಾಕ್ಸ್ ಹಚ್ಚಿದ್ದು ಸ್ವಲ್ಪ ಮಂಕಾಗಿತ್ತು, ಮತ್ತೆ ತಿಕ್ಕಿದಾಗ ಹೊಳಪು ಬಂತು. ಆನೊಡೈಸ್ ಇದ್ದದ್ದನ್ನು ಸುಮ್ನೆ ನೀರಲ್ಲಿ ತೊಳೆದೆ, ಹೊಸದರ ಹಾಗೇ ಇತ್ತು.

ಆ ಮೂರನ್ನೂ ಒಂದು ತಂತಿಗೆ ಪೋಣಿಸಿ ಕೌಂಟರಿನ ಮೇಲೆ ಇಟ್ಟಿದ್ದೇನೆ. ಬಣ್ಣ ತೆಗೆಸಲು ಬಂದವರ ಕೈಗೆ ಮೊದಲು ಅದನ್ನೇ ಕೊಡುತ್ತೇನೆ. ಹೋದ ತಿಂಗಳು ಸದಾಶಿವಗಡದ ಒಬ್ಬಳು ಹುಡುಗಿ ನೇರಳೆ ಬಣ್ಣದ ಹಬ್ (ಚಕ್ರದ ನಡುವಿನ ಭಾಗ) ತಂದಿದ್ದಳು. ದಿನಾ ಕಾಳಿ ಸೇತುವೆ ದಾಟಿ ಕಾಲೇಜಿಗೆ ಬರುವವಳು, ಮಳೆಯಲ್ಲೂ ಸೈಕಲ್ಲೇ. ಮೂರನ್ನೂ ತಿರುಗಿಸಿ ತಿರುಗಿಸಿ ನೋಡಿದಳು. ಗುಳಿಗಳ ಮೇಲೆ ಉಗುರು ಆಡಿಸಿದಳು. 15 ದಿನಕ್ಕೊಮ್ಮೆ ವ್ಯಾಕ್ಸ್ ಹಚ್ಚುವುದು ತನ್ನಿಂದ ಆಗುತ್ತದಾ ಎಂದು ಸ್ವಲ್ಪ ಹೊತ್ತು ಯೋಚಿಸಿದಳು. ಹಬ್ ಹಾಗೇ ಇರಲಿ, ಸೀಟ್ ಕ್ಲ್ಯಾಂಪ್ ಒಂದನ್ನು ಮಾಡಿಕೊಡಿ, ಅದೊಂದನ್ನು ನೋಡಿಕೊಳ್ಳುತ್ತೇನೆ ಎಂದಳು. ಮಾಡಿಕೊಟ್ಟೆ. ಜೊತೆಗೆ ಒಂದು ಸಣ್ಣ ಡಬ್ಬಿಯಲ್ಲಿ ವ್ಯಾಕ್ಸ್ ಹಾಕಿಕೊಟ್ಟು, ಹಚ್ಚುವುದು ಹೇಗೆ ಎಂದು ಅವಳ ಕೈಯಿಂದಲೇ ಒಮ್ಮೆ ಮಾಡಿಸಿದೆ.