ಕ್ಯಾಸೆಟ್ಟಿನ ಕೊನೇಲಿ ಬಂದ ಯಮಲೋಕ

ಈ ಸಲ ಜುಲೈನಲ್ಲಿ ಊರಿಗೆ ಹೋದಾಗ ಹಿಡಿದ ಮಳೆ ಮೂರು ದಿನ ಬಿಡ್ಲೇ ಇಲ್ಲ. ಕೊಡಗಿನ ಶಾಂತಳ್ಳಿ ಕಡೆ ಮಳೆ ಅಂದ್ರೆ ಗೊತ್ತಿರೋರಿಗೆ ಗೊತ್ತು, ಪುಷ್ಪಗಿರಿ ಬೆಟ್ಟ ಮೇ ತಿಂಗಳಲ್ಲಿ ಒಂದ್ಸಲ ಮುಖ ತೋರಿಸಿ ಮಂಜೊಳಗೆ ಹೋದ್ರೆ ಮತ್ತೆ ದಸರಾ ಹೊತ್ತಿಗೇ ಈಚೆ ಬರೋದು. ನೆಟ್‌ವರ್ಕ್ ಇಲ್ಲ, ಅಂಗಳಕ್ಕೆ ಇಳಿದ್ರೆ ಜಿಗಣೆ, ಮಗಳು ಬೆಳಿಗ್ಗೆಯಿಂದ ಬೋರ್ ಬೋರ್ ಅಂತ ಸೋಫಾ ಮೇಲೆ ಉರುಳಾಡ್ತಿದ್ಳು. ತಮ್ಮ ಯಾವತ್ತೋ ತರಿಸಿಟ್ಟಿದ್ದ ಒಂದು ಡಿಸ್ಕು ಬ್ಯಾಗಲ್ಲೇ ಇತ್ತು, ನೋಡಕ್ಕೆ ಧೈರ್ಯ ಬಂದಿರ್ಲಿಲ್ಲ ಅಷ್ಟೆ. ಬಾ, ನಾನು ನಿನ್ನಷ್ಟಿದ್ದಾಗ ಇದೇ ಮನೇಲಿ, ಇದೇ ಮಳೇಲಿ ನೋಡಿ ಹೆದರಿದ್ದ ಪಿಚ್ಚರ್ ತೋರಿಸ್ತೀನಿ ಅಂದೆ.

ಪಿಚ್ಚರ್ ಹೆಸರು ದಿ ಬ್ಲಾಕ್ ಹೋಲ್. 1979ರದ್ದು, ಡಿಸ್ನಿಯವರದ್ದು. ನೀವು ಕೇಳಿರೋದು ಡೌಟು. ಎರಡು ವರ್ಷ ಮುಂಚೆ ಸ್ಟಾರ್ ವಾರ್ಸ್ ಬಂದು ದುಡ್ಡು ಬಾಚ್ಕೊಂಡು ಹೋಗಿತ್ತಲ್ಲ, ಆಗ ಎಲ್ರಿಗೂ ಆಕಾಶದ ಹುಚ್ಚು, ಡಿಸ್ನಿಯವರೂ ಸುಮಾರು 2 ಕೋಟಿ ಡಾಲರ್ ಸುರಿದು ಇದನ್ನ ಮಾಡಿದ್ರು. ಆದ್ರೆ ಮಾಡಿದ್ದು ಮಕ್ಕಳ ಪಿಚ್ಚರಾ ದೊಡ್ಡವರದ್ದಾ ಅಂತ ಅವರಿಗೇ ಕೊನೇವರೆಗೂ ತೀರ್ಮಾನ ಆಗಿರ್ಲಿಲ್ಲ ಅನ್ಸುತ್ತೆ. ಗುಂಡಗಿರೋ ಗೊಂಬೆ ಥರದ ರೋಬೋ ಒಂದ್ ಕಡೆ, ಹೆಣದಂತಾ ಮುಖಗಳು ಇನ್ನೊಂದ್ ಕಡೆ.

ನಾನು ನೋಡಿದ್ದು 1990ರಲ್ಲಿ, ನಾಲ್ಕನೇ ಕ್ಲಾಸು. ಮಳೆಗೆ ಸ್ಕೂಲಿಗೆ ರಜಾ ಕೊಟ್ಟಿದ್ರು. ಆಗ ಸೋಮವಾರಪೇಟೆಯಲ್ಲಿ ವಿಸಿಪಿ (ವಿಡಿಯೋ ಕ್ಯಾಸೆಟ್ ಹಾಕೋ ಪ್ಲೇಯರ್ರು), ಕ್ಯಾಸೆಟ್ಟು ಎರಡೂ ಬಾಡಿಗೆಗೆ ಸಿಕ್ತಿತ್ತು, ಅಪ್ಪ ಸಂತೆಗೆ ಹೋದೋರು ಜೀಪಲ್ಲಿ ಅಕ್ಕಿ ಮೂಟೆ ಪಕ್ಕ ಗೋಣಿಚೀಲ ಸುತ್ತಿ ವಿಸಿಪಿ ತಂದಿದ್ರು, ಜೊತೆಗೆ ಮೂರು ಕ್ಯಾಸೆಟ್ಟು. ಎರಡು ಕನ್ನಡದ್ದು, ದೊಡ್ಡವರಿಗೆ. ಒಂದು ಇದು. ಅಂಗಡಿಯವನು "ತಗೊಂಡ್ಹೋಗಿ ಸಾರ್, ಮಿಕ್ಕಿ ಮೌಸ್ ಕಂಪ್ನಿದು, ಮಕ್ಳು ಖುಷಿ ಪಡ್ತವೆ" ಅಂದಿದ್ನಂತೆ. ನಮ್ಮನೇಲಿ ಇದ್ದಿದ್ದು ಬ್ಲಾಕ್ ಅಂಡ್ ವೈಟ್ ಟಿವಿ, ಎಡಗಡೆ ಬಲಗಡೆ ಸರಿಸೋ ಮರದ ಬಾಗಿಲಿದ್ದದ್ದು, ಪಕ್ಕದಲ್ಲಿ ಗುಂಯ್ ಅನ್ನೋ ಸ್ಟೆಬಿಲೈಸರ್ರು. ತೋಟದ ಕೆಲಸದವರ ಲೈನ್ ಮನೆ ಮಕ್ಕಳೂ ಬಂದು ಸಾಲಾಗಿ ಕೂತಿದ್ರು. ಅಜ್ಜಿ ಮೂಲೇಲಿ ಕಂಬಳಿ ಹೊದ್ದು ಎಲೆ ಅಡಿಕೆ ಹಾಕ್ಕೊಂಡು, ಬೆಲ್ಲದ ಕಾಫಿ ಲೋಟ ಎರಡೂ ಕೈಲಿ ಹಿಡ್ಕೊಂಡು ಕೂತಿದ್ಳು.

ಕಥೆ ಇಷ್ಟು. ಪ್ಯಾಲೊಮಿನೋ ಅಂತ ಒಂದು ಸಣ್ಣ ಗಗನನೌಕೆ ವಾಪಸ್ ಬರ್ತಿರ್ಬೇಕಾದ್ರೆ ಒಂದು ಕಪ್ಪು ಕುಳಿ, ಅಂದ್ರೆ ಬೆಳಕನ್ನೂ ಬಿಡದೆ ನುಂಗೋ ಬ್ಲಾಕ್ ಹೋಲು, ಸಿಗುತ್ತೆ, ಅದರ ಬಾಯಿ ಹತ್ರನೇ ಇನ್ನೊಂದು ಭಾರೀ ನೌಕೆ, ಸಿಗ್ನಸ್ ಅಂತ, ಒಳಗೆ ಬೀಳ್ದೆ ಅಲ್ಲಾಡ್ದೆ ನಿಂತಿದೆ. 20 ವರ್ಷದ ಹಿಂದೆ ಕಾಣೆಯಾಗಿದ್ದ ನೌಕೆ. ಪೂರ್ತಿ ಕತ್ತಲು. ಇವರು ಹತ್ರ ಹೋಗ್ತಿದ್ದಂಗೇ ಅಷ್ಟೂ ದೀಪ ಒಂದೇ ಸಲ ಹತ್ಕೊಳ್ಳುತ್ತೆ. ಮಡಿಕೇರಿ ದಸರಾದಲ್ಲಿ ನಡುರಾತ್ರಿ ಮಂಟಪಕ್ಕೆ ಲೈಟ್ ಹಾಕಿದಾಗ ಜನ ಹೋ ಅಂತಾರಲ್ಲ, ಹಂಗೆ ನಾವೆಲ್ಲ ಹೋ ಅಂದಿದ್ವಿ. ಆ ನೌಕೆ ಉಕ್ಕಿನದ್ದು ಅನ್ನೋದಕ್ಕಿಂತ ಗಾಜಿನ ಚರ್ಚು ಅನ್ಬೇಕು, ಒಳಗಿನ ಬೆಳಕೆಲ್ಲ ಕಂಬಿಗಳ ಮಧ್ಯದಿಂದ ಈಚೆ ಸೋರುತ್ತೆ. ಪೀಟರ್ ಎಲೆನ್‌ಷಾ ಅಂತ ಡಿಸ್ನಿಯ ಹಳೇ ಪೇಂಟರ್ರು, ರಿಟೈರ್ ಆಗಿದ್ದೋರನ್ನ ಮತ್ತೆ ಕರ್ಕೊಂಡು ಬಂದು ಪ್ರೊಡಕ್ಷನ್ ಡಿಸೈನ್ ಮಾಡಿಸಿದ್ರು, ದೂರದ ಎಷ್ಟೋ ದೃಶ್ಯ ಸೆಟ್ಟೇ ಅಲ್ಲ, ಗಾಜಿನ ಮೇಲೆ ಕೈಯಲ್ಲಿ ಬಿಡಿಸಿರೋ ಚಿತ್ರ. ಇವತ್ತಿಗೂ ಆ ಭಾಗ ಒಂಚೂರೂ ಹಳೇದಾಗಿಲ್ಲ.

ಒಳಗೆ ಇರೋ ಮನುಷ್ಯ ಒಬ್ಬನೇ, ಡಾಕ್ಟರ್ ರೈನ್‌ಹಾರ್ಟ್, ಕೆದರಿದ ಗಡ್ಡ, ಮ್ಯಾಕ್ಸಿಮಿಲಿಯನ್ ಶೆಲ್ ಮಾಡಿರೋದು. ನನ್ನ ಜನ ಎಲ್ಲ ಅವತ್ತೇ ಭೂಮಿಗೆ ವಾಪಸ್ ಹೋದ್ರು, ಇಲ್ಲಿ ಕೆಲಸ ಮಾಡ್ತಿರೋದೆಲ್ಲ ನಾನು ಮಾಡಿದ ರೋಬೋಗಳು ಅಂತಾನೆ. ಆ ರೋಬೋಗಳು ಅಂದ್ರೆ ಉದ್ದ ನಿಲುವಂಗಿ, ತಲೆಗೆ ಮುಸುಕು, ಮುಖ ಇರ್ಬೇಕಾದ ಜಾಗದಲ್ಲಿ ಕನ್ನಡಿ. ಮಾತಿಲ್ಲ ಕತೆಯಿಲ್ಲ. ಅವನ ಬೆನ್ನಿಗೆ ಇನ್ನೊಂದು ದೈತ್ಯ ರೋಬೋ, ಅದರ ಹೆಸರೂ ಮ್ಯಾಕ್ಸಿಮಿಲಿಯನ್ನೇ (ನಟನ ಹೆಸರೂ ಅದೇ ಆಗಿರೋದು ಯಾರ ಕಿತಾಪತಿನೋ), ನೆಲಕ್ಕೆ ಕಾಲು ತಾಗಿಸ್ದೆ ತೇಲುತ್ತೆ, ಕಣ್ಣಿನ ಜಾಗದಲ್ಲಿ ಒಂದೇ ಸೀಳು, ಬಾಯಿ ಇಲ್ಲ.

ಹೆದರಿಕೆ ಶುರುವಾಗೋದು ತೀರಾ ಸಣ್ಣ ವಿಷಯದಿಂದ. ಬಂದವರಲ್ಲಿ ಒಬ್ಬ ತೋಟದ ಥರ ಇರೋ ಜಾಗಕ್ಕೆ ಹೋಗ್ತಾನೆ, ಅಲ್ಲಿ ಒಂದು ರೋಬೋ ಕುಂಟ್ತಿರುತ್ತೆ. ರೋಬೋ ಯಾಕೆ ಕುಂಟುತ್ತೆ? ಇನ್ನೊಬ್ಬ ನೋಡ್ತಾನೆ, ಆರೇಳು ರೋಬೋ ಸೇರಿ ಒಂದು ಪೆಟ್ಟಿಗೆಗೆ ಶವಸಂಸ್ಕಾರ ಮಾಡ್ತಿವೆ. ಯಂತ್ರಕ್ಕೆ ಯಾವ ಶವಸಂಸ್ಕಾರ? ಇದನ್ನ ಬರೆದೋರಿಗೆ ಕೈ ಮುಗೀಬೇಕು ಅನ್ಸುತ್ತೆ ನಂಗೆ, ಯಾಕಂದ್ರೆ ಒಂದು ಕಿರುಚಾಟ ಇಲ್ಲ, ಒಂದು ತೊಟ್ಟು ರಕ್ತ ಇಲ್ಲ, ಆದ್ರೂ ನಾಲ್ಕನೇ ಕ್ಲಾಸಿನ ಹುಡುಗನಿಗೂ ಏನೋ ಸರಿಯಿಲ್ಲ ಅಂತ ಹೊಟ್ಟೇಲಿ ಗೊತ್ತಾಗೋಗುತ್ತೆ. ಕೊನೆಗೆ ಆಂಥನಿ ಪರ್ಕಿನ್ಸ್ ಮಾಡಿರೋ ವಿಜ್ಞಾನಿ ಒಂದು ಕನ್ನಡಿ ಮುಖ ಕಿತ್ತು ನೋಡ್ತಾನೆ. ಒಳಗೆ ಮನುಷ್ಯ. ಬೂದಿ ಬಣ್ಣದ ಮುಖ, ಕಣ್ಣು ತೆರೆದಿದೆ, ಕಣ್ಣೊಳಗೆ ಯಾರೂ ಇಲ್ಲ. ಆ ನೌಕೆಯ ಸಿಬ್ಬಂದಿ ಯಾರೂ ವಾಪಸ್ ಹೋಗೇ ಇರ್ಲಿಲ್ಲ. ಆಮೇಲೆ ಆ ವಿಜ್ಞಾನಿ ಕಡೆಗೆ ದೈತ್ಯ ರೋಬೋ ತಿರುಗೋ ಬ್ಲೇಡು ಚಾಚ್ಕೊಂಡು ಬರುತ್ತೆ, ಪಾಪ ಅವನು ಕೈಲಿದ್ದ ದಪ್ಪ ಪುಸ್ತಕ ಅಡ್ಡ ಹಿಡೀತಾನೆ. ಪುಸ್ತಕ ಎಷ್ಟು ಹೊತ್ತು ತಡೆಯುತ್ತೆ ಹೇಳಿ.

ಅವತ್ತು ಅಲ್ಲಿಗೆ ಲೈನ್ ಮನೆಯ ಒಂದು ಹುಡುಗಿ ಅಳಕ್ಕೆ ಶುರು ಮಾಡಿದ್ಳು, ಅಮ್ಮ ಅಡುಗೆಮನೆಯಿಂದ ಬಂದು ಇದೆಂತ ಮಕ್ಕಳ ಪಿಚ್ಚರ್ರು ಅಂತ ಅಪ್ಪನ್ನ ಬೈದ್ಳು. ಯಾರೂ ಎದ್ದು ಆಫ್ ಮಾಡ್ಲಿಲ್ಲ, ಬಾಡಿಗೆ ಕೊಟ್ಟಾಗಿದೆಯಲ್ಲ.

ಮುಂದಿನದನ್ನ ಬೇಗ ಹೇಳಿಬಿಡ್ತೀನಿ. ಉಲ್ಕೆಗಳ ಮಳೆ, ಕೆಂಡದುಂಡೆ ಥರದ ಒಂದು ದೊಡ್ಡ ಉಲ್ಕೆ ನೌಕೆಯೊಳಗೇ ಉರುಳ್ಕೊಂಡು ಬರೋದು, ಜನ ಅದರ ಮುಂದೆ ಸೇತುವೆ ಮೇಲೆ ಓಡೋದು (ಗೋಡೆ ಹರಿದು ಹೊರಗಿನ ಆಕಾಶ ಕಾಣ್ತಿದ್ರೂ ಎಲ್ರೂ ಆರಾಮಾಗಿ ಉಸಿರಾಡ್ತಾರೆ, ಮಗಳು ಇದನ್ನ ಎರಡೇ ಸೆಕೆಂಡಲ್ಲಿ ಹಿಡಿದ್ಳು, "ಅಪ್ಪಾ ಸ್ಪೇಸಲ್ಲಿ ಗಾಳಿ ಎಲ್ಲಿಂದ ಬಂತು"). ವಿನ್ಸೆಂಟ್ ಅನ್ನೋ ಗುಂಡ ರೋಬೋ ಮಾತ್ ಮಾತಿಗೂ ಸುಭಾಷಿತ ಹೇಳುತ್ತೆ, ಎಲ್ಲದಕ್ಕೂ ಗಾದೆ ಹೇಳ್ತಿದ್ದ ನಮ್ಮಜ್ಜಿ ಥರ. ನೌಕೆ ಮುರ್ಕೊಂಡು ಕುಳಿ ಕಡೆ ಜಾರಕ್ಕೆ ಶುರುವಾದಾಗ ರೈನ್‌ಹಾರ್ಟ್ ಮೇಲೆ ದೊಡ್ಡ ಸ್ಕ್ರೀನ್ ಬಿದ್ದು ಸಿಕ್ಕಾಕ್ಕೊತಾನೆ. ಸಹಾಯ ಮಾಡಿ ಅಂತ ಕೂಗ್ತಾನೆ. ಕನ್ನಡಿ ಮುಖದವರು ತಿರುಗಿ ನೋಡಲ್ಲ, ಹೇಳಿದ ಕೆಲಸ ಮಾಡ್ತಾ ಇರ್ತಾರೆ. ಸ್ವಂತ ಬುದ್ಧಿ ಬೇಡ ಅಂತ ಅವನೇ ಕಿತ್ತಾಕಿದ್ದಲ್ವಾ. ಚಿಕ್ಕವನಿದ್ದಾಗ ಇದು ನಂಗೆ ಅರ್ಥ ಆಗಿರ್ಲೇ ಇಲ್ಲ, ಈಗ ನೋಡಿ ಒಂದ್ನಿಮಿಷ ಪಾಸ್ ಒತ್ತಿ ಕೂತೆ.

ಆಮೇಲೆ ಬರೋದೇ ಆ ಕೊನೆ. ಉಳಿದೋರು ಸಣ್ಣ ನೌಕೇಲಿ ಕಪ್ಪು ಕುಳಿ ಒಳಗೆ ಹೋಗ್ತಾರೆ, ಟಿವಿ ಪೂರ್ತಿ ಸುತ್ತಿ ಸುತ್ತಿ ಒಂದು ಥರ ಆಗುತ್ತೆ, ಇದ್ದಕ್ಕಿದ್ದಂಗೆ ನೌಕೆನೂ ಇಲ್ಲ ನಕ್ಷತ್ರನೂ ಇಲ್ಲ, ಕಲ್ಲು ಬಂಡೆ, ಹೊಗೆ, ಬೆಂಕಿ, ಬಂಡೆ ತುದೀಲಿ ಆ ದೈತ್ಯ ರೋಬೋ ನಿಂತಿದೆ, ಅದರ ಸೀಳಿನೊಳಗೆ ರೈನ್‌ಹಾರ್ಟ್ ಕಣ್ಣು. ಕೆಳಗಡೆ ಮುಸುಕಿನವರು ಸಾಲಾಗಿ ನಡೀತಿದ್ದಾರೆ. ಅದಾಗಿದ್ದೇ ಗಾಜಿನ ಕಮಾನುಗಳ ಮಧ್ಯ ಬಿಳಿ ಬಟ್ಟೆ ಉಟ್ಕೊಂಡು ಯಾರೋ ತೇಲ್ಕೊಂಡು ಹೋಗ್ತಾರೆ.

ಅಪ್ಪ ಥಟ್ಟಂತ ಎದ್ದು ನಿಂತ್ರು. "ನೋಡು, ಹಳೇ ಕ್ಯಾಸೆಟ್ ಮೇಲೆ ರೆಕಾರ್ಡ್ ಮಾಡಿದಾನೆ ಕಳ್ಳ. ಇದ್ಯಾವ್ದೋ ದೇವ್ರ ಪಿಚ್ಚರ್ದು ಬಾಲ." ಆಗ ಹಂಗೆಲ್ಲ ಆಗ್ತಿತ್ತು, ಒಂದು ಪಿಚ್ಚರ್ ಮುಗಿಯೋ ಮುಂಚೆ ಅಡಿಯಿಂದ ಇನ್ನೊಂದು ಹಳೇ ಪಿಚ್ಚರ್ ತುಂಡು ಇಣುಕೋದು, ಯಾರದ್ದೋ ಮದುವೆ ವಿಡಿಯೋ ಬಂದಿದ್ದೂ ಇದೆ. ಹಾಗಾಗಿ ಎಲ್ರೂ ಒಪ್ಪಿದ್ವಿ. ಅಜ್ಜಿ ಒಬ್ಳೇ ಒಪ್ಲಿಲ್ಲ. "ಬೇರೆ ಎಂತಕ್ಕಾಗ್ತದೆ? ಅವ್ನು ಮಾಡಿದ್ದಕ್ಕೆ ಯಮಲೋಕಕ್ಕೆ ಹೋದ, ಅಷ್ಟೇ ಕಣೋ" ಅಂದು ಎದ್ದು ಎಲೆ ಉಗಿಯಕ್ಕೆ ಹೋದ್ಳು. ಇಂಗ್ಲಿಷಲ್ಲಿ ಒಂದಕ್ಷರ ಅರ್ಥ ಆಗದೆ ಇದ್ದೋಳು.

ಮಾರನೇ ದಿನ ಬೆಳಿಗ್ಗೆ ನಡೆದಿದ್ದೇ ನನ್ನ ತಲೇಲಿ ಪಿಚ್ಚರಿಗಿಂತ ಗಟ್ಟಿಯಾಗಿ ಉಳಿದಿರೋದು. ಕಿಟಕಿ ಹತ್ರ ಹಲ್ಲುಜ್ತಾ ನಿಂತಿದ್ದೆ. ಮಂಜು ಕಾಫಿ ಗಿಡದ ಮೇಲೆ ಇಳಿದು ಕೂತಿತ್ತು, ಆ ಮಂಜೊಳಗಿಂದ ಕೆಲಸದವರು ಒಬ್ಬರ ಹಿಂದೆ ಒಬ್ಬರು ಬರ್ತಿದ್ರು, ತಲೆಯಿಂದ ಮಂಡಿವರೆಗೂ ಪ್ಲಾಸ್ಟಿಕ್ ಕೊಪ್ಪೆ, ತಲೆ ಬಗ್ಗಿಸಿದಾರೆ, ಮುಖ ಇರೋ ಕಡೆ ಒದ್ದೆ ಪ್ಲಾಸ್ಟಿಕ್ಕು ಹೊಳೀತಿದೆ ಅಷ್ಟೆ. ಬ್ರಷ್ ಬಿಸಾಕಿ ಅಟ್ಟ ಹತ್ತಿದೆ. ಅವರಲ್ಲೊಬ್ಬಳು ದಿನಾ ನಂಗೆ ನೇರಳೆಹಣ್ಣು ತಂದು ಕೊಡ್ತಿದ್ದೋಳು, ಕೊಪ್ಪೆ ತೆಗೆದು "ಎಂತ ಆಯ್ತು ಚಿಕ್ಕಯ್ಯ" ಅಂತ ಕೂಗಿದ್ಮೇಲೇ ನಾನು ಕೆಳಗಿಳಿದಿದ್ದು. ಮುಖ ಕಂಡಾಗ ಆದ ಸಮಾಧಾನ ಹೇಳಕ್ಕಾಗಲ್ಲ. ನಾಚಿಕೇನೂ ಆಯ್ತು, ಯಾಕಂತ ಆಗ ಗೊತ್ತಾಗಿರ್ಲಿಲ್ಲ. ವರ್ಷಗಟ್ಲೆ ಆ ಸಾಲನ್ನ ದಿನಾ ನೋಡಿದ್ದೆ, ಅವರು ಅಂತ ಎಣಿಸಿದ್ದೆನೇ ಹೊರತು ಯಾರು ಯಾರು ಅಂತ ಯಾವತ್ತೂ ನೋಡಿರ್ಲಿಲ್ಲ.

ಕಪ್ಪು ಕುಳಿ ಭಯ ಮಾತ್ರ ಹೋಗ್ಲಿಲ್ಲ. ಹೈಸ್ಕೂಲಲ್ಲಿ ಬೆಂಗಳೂರು ಟೂರಿಗೆ ಹೋದಾಗ ನೆಹರೂ ತಾರಾಲಯದಲ್ಲಿ ಗುಮ್ಮಟದ ಮೇಲೆ ಅದು ಬಂದಿದ್ದೇ ಕಣ್ಣು ಮುಚ್ಕೊಂಡೆ. ಆ ತಾರಾಲಯ ಕಟ್ಟಿದ ಸಿ. ವಿ. ವಿಶ್ವೇಶ್ವರ ಅವರೇ ಕಪ್ಪು ಕುಳಿ ಬಗ್ಗೆ ಜಗತ್ತಿಗೆ ಪಾಠ ಹೇಳಿದವರು ಅಂತ ಗೊತ್ತಾಗಿದ್ದು ಎಷ್ಟೋ ವರ್ಷ ಆದ್ಮೇಲೆ. ಕಪ್ಪು ಕುಳಿಯನ್ನ ಕೆಣಕಿದ್ರೆ ಗಂಟೆ ಹೊಡೆದಂಗೆ ಅದು ತನ್ನದೇ ಸ್ವರದಲ್ಲಿ ಕಂಪಿಸಿ ನಿಧಾನಕ್ಕೆ ಸುಮ್ಮನಾಗುತ್ತೆ ಅಂತ ಅವರು 1970ರಲ್ಲೇ ಲೆಕ್ಕ ಹಾಕಿ ತೋರಿಸಿದ್ರು, ಅಂದ್ರೆ ಈ ಪಿಚ್ಚರ್ ಬರೋಕೆ ಒಂಬತ್ತು ವರ್ಷ ಮುಂಚೆ. 2015ರ ಸೆಪ್ಟೆಂಬರಲ್ಲಿ ಲೈಗೋ ಅನ್ನೋ ಅಮೆರಿಕದ ಪ್ರಯೋಗದವರಿಗೆ ಎರಡು ಕುಳಿ ಡಿಕ್ಕಿ ಹೊಡೆದಾಗ ಎದ್ದ ಗುರುತ್ವದ ಅಲೆ ಸಿಕ್ತಲ್ಲ, ಅದರ ಕೊನೇಲಿ ಆ ಗಂಟೆ ಸದ್ದು ಇತ್ತು. ವಿಶ್ವೇಶ್ವರ ಅವರು ತೀರ್ಕೊಂಡಿದ್ದು 2017ರಲ್ಲಿ, ಕೇಳಿಸ್ಕೊಂಡೇ ಹೋದ್ರು. ಪಿಚ್ಚರಲ್ಲಿ ಮಾತ್ರ ಕುಳಿ ಅಂದ್ರೆ ನೀಲಿ ನೀರಿನ ಸುಳಿ, ಮಳೆಗಾಲದ ಹೊಳೇಲಿ ಮಡು ಇರೋ ಕಡೆ ತಿರುಗುತ್ತಲ್ಲ ಹಂಗೆ. 2019ರ ಏಪ್ರಿಲಲ್ಲಿ ಮೊದಲ ಸಲ ನಿಜವಾದ ಫೋಟೋ ಬಂತು, ಐದೂವರೆ ಕೋಟಿ ಜ್ಯೋತಿರ್ವರ್ಷ ದೂರದ್ದು, ನೋಡಿದ್ರೆ ಎಣ್ಣೆಯಿಂದ ಈಗಷ್ಟೇ ತೆಗೆದ ಕೋಡುಬಳೆ. ಇಷ್ಟಕ್ಕಾ ನಾನು ಹೆದರಿದ್ದು ಅನ್ನಿಸ್ತು.

ಸರಿ, ಈ ಸಲ ನೋಡಿದಾಗ ಮೊದಲ ಶಾಕ್ ಬಣ್ಣದ್ದು. ಮ್ಯಾಕ್ಸಿಮಿಲಿಯನ್ ಕೆಂಪು! ಕುಂಕುಮ ಕದಡಿದಂತಾ ಗಾಢ ಕೆಂಪು. ನನ್ನ ಕನಸಲ್ಲಿ ಅದು ಯಾವತ್ತೂ ಕಪ್ಪು. ಎರಡನೇದು, ಆ ನರಕ. ಕ್ಯಾಸೆಟ್ಟಿನ ತಪ್ಪಲ್ಲ, ಯಾರೂ ಏನೂ ಮೇಲೆ ರೆಕಾರ್ಡ್ ಮಾಡಿರ್ಲಿಲ್ಲ, ಡಿಸ್ನಿಯವರೇ ದುಡ್ಡು ಹಾಕಿ ತೆಗೆದಿದ್ದು. ಕಿತ್ತಳೆ ಬೆಂಕಿ, ಬಂಡೆ, ಸಾಲು ಎಲ್ಲ ಹಂಗಂಗೇ ಇತ್ತು. ನಮ್ಮ ಟಿವೀಲಿ ಬೆಂಕಿನೂ ಬೂದಿ ಬಣ್ಣಕ್ಕೆ ಬಂದು ಮಂಜಿನ ಥರ ಕಂಡಿತ್ತು, ಅದಕ್ಕೇ ಮಾರನೇ ದಿನ ಕಿಟಕೀಲಿ ನಂಗೆ ಅದೇ ಕಂಡಿದ್ದು ಅಂತ ಈಗ ಹೊಳೀತು. ಅದೇ ದೃಶ್ಯಕ್ಕೆ ಮಗಳು ರಿಮೋಟ್ ಹುಡುಕ್ತಾ, "ಅಪ್ಪಾ, ಬೇರೆ ಪಿಚ್ಚರ್ ಶುರುವಾಗೋಯ್ತು" ಅಂದ್ಳು.

ಇಲ್ಲ ಪುಟ್ಟಿ, ಇದೇ ಅದು ಅಂದೆ. ಜಾನ್ ಬ್ಯಾರಿ ಮ್ಯೂಸಿಕ್ಕು ಇನ್ನೂ ಸುತ್ತಿ ಸುತ್ತಿ ಬರ್ತಿತ್ತು. ಪಿಚ್ಚರ್ ಚೆನ್ನಾಗಿದೆಯಾ ಅಂತ ಕೇಳಿದ್ರೆ, ಮಾತುಕತೆ ಪೆದ್ದು, ಗನ್ನಿನ ಜಗಳ ಎಲ್ಲ ಬೋರು, ಆಸ್ಕರ್‌ಗೆ ಛಾಯಾಗ್ರಹಣಕ್ಕೂ ವಿಶುವಲ್ ಎಫೆಕ್ಟ್ಸ್‌ಗೂ ನಾಮಿನೇಟ್ ಆಗಿ ಎರಡೂ ಸಿಗ್ಲಿಲ್ಲ, ಎಫೆಕ್ಟ್ಸ್‌ದು ಏಲಿಯನ್ ಅನ್ನೋ ಪಿಚ್ಚರಿಗೆ ಹೋಯ್ತು, ಅದು ನ್ಯಾಯಾನೇ. ಆದ್ರೆ ಮಕ್ಕಳಿಗೆ ಅಂತ ಮಾಡಿ ಖಳನಾಯಕನ್ನ ಅವನ ಯಂತ್ರದೊಳಗೇ ಹಾಕಿ ಮುಚ್ಚಿ ನಿಲ್ಲಿಸೋ ಧೈರ್ಯ ಇನ್ಯಾರಿಗೂ ಬಂದಿದ್ದು ನಾನು ನೋಡಿಲ್ಲ.

ಅಪ್ಪ ಹಿಂದೆ ಈಸಿಚೇರಲ್ಲಿ ಕೂತು ನಿದ್ದೆ ಹೊಡೀತಿದಾರೆ ಅಂದ್ಕೊಂಡಿದ್ದೆ. ಇರ್ಲಿಲ್ಲ.

"ಅಂದ್ರೆ ಅವತ್ತು ಕ್ಯಾಸೆಟ್ಟು ಸರಿ ಇತ್ತಾ?"

"ಹೂಂ ಅಪ್ಪಾ. ಅಜ್ಜಿ ಹೇಳಿದ್ದೇ ಸರಿ."

ಸ್ವಲ್ಪ ಹೊತ್ತು ಮಾತಿಲ್ಲ. ಹಂಚಿನ ಮೇಲೆ ಮಳೆ ಸದ್ದು.

"ನಾನು ಅವ್ನ ಹತ್ರ ಜಗಳ ಆಡಿ ಬಾಡಿಗೇಲಿ ಐದು ರೂಪಾಯಿ ಮುರ್ಕೊಂಡಿದ್ನಲ್ಲೋ."

ಆ ಅಂಗಡಿ ಮುಚ್ಚಿ ಇಪ್ಪತ್ತು ವರ್ಷದ ಮೇಲಾಯ್ತು, ಅಲ್ಲೀಗ ಮೊಬೈಲ್ ರಿಪೇರಿ. ನಡೆಸ್ತಿರೋದು ಅವನ ಮಗನೇ ಇರ್ಬೇಕು ಅಂತ ಅಮ್ಮ ಒಳಗಿಂದ ಅಂದ್ಳು. ಸೋಮವಾರ ಅಪ್ಪ ಸಂತೆಗೆ ಹೊರಟಾಗ ನನ್ನ ಫೋನಿನ ಹಳೇ ಚಾರ್ಜರ್ ಒಂದು ಕೇಳಿ ತಗೊಂಡು ಜೇಬಿಗೆ ಹಾಕ್ಕೊಂಡ್ರು, ರಿಪೇರಿಗೆ ಅಂತ. ಅದು ಕೆಟ್ಟೇ ಇಲ್ಲ.