ಜೊತೆಗೆ ಮಗ ಬಂದಾಗ

ನಾನು ಉತ್ತರ ಕರ್ನಾಟಕದ ಒಂದು ಎಆರ್‌ಟಿ ಸೆಂಟರ್‌ನಲ್ಲಿ, ಅಂದರೆ ಎಚ್‌ಐವಿ ಇರುವವರಿಗೆ ಔಷಧಿ ಕೊಡುವ ಜಾಗದಲ್ಲಿ, ಕೌನ್ಸೆಲರ್. ಐವತ್ತು ದಾಟಿದವರ ಗ್ರೀನ್ ಬುಕ್, ಅಂದರೆ ರೋಗಿಯ ಕೈಯಲ್ಲಿರುವ ಚಿಕಿತ್ಸೆಯ ಪುಸ್ತಕ, ನಮ್ಮಲ್ಲಿ ವರ್ಷದಿಂದ ವರ್ಷಕ್ಕೆ ಜಾಸ್ತಿ ಆಗುತ್ತಿವೆ. ಇದು ಖುಷಿ ಪಡುವ ವಿಷಯವೇ. 2004ರ ಏಪ್ರಿಲ್‌ನಲ್ಲಿ ಸರ್ಕಾರ ಉಚಿತ ಔಷಧಿ ಕೊಡಲು ಶುರು ಮಾಡಿತು. ಆಗ ನಲವತ್ತರ ಆಸುಪಾಸಿನಲ್ಲಿದ್ದವರು ಈಗ ಅಜ್ಜ ಅಜ್ಜಿ ಆಗಿದ್ದಾರೆ. ಆದರೆ ನಮ್ಮ ಟ್ರೈನಿಂಗ್, ಪೋಸ್ಟರ್, ಫಾರಂ ಎಲ್ಲ ಇನ್ನೂ ಚಿಕ್ಕ ವಯಸ್ಸಿನ ಗಂಡ ಹೆಂಡತಿಗೆ ಅಂತಲೇ ಇವೆ. ಕಾಂಡೋಮ್, ಗರ್ಭಿಣಿ, ಮಗುವಿನ ಟೆಸ್ಟ್. ಇಷ್ಟು ಶೇಕಡಾ ಜನರಿಗೆ ಎಚ್‌ಐವಿ ಇದೆ ಅಂತ ಪೇಪರಲ್ಲಿ ಬರುತ್ತದಲ್ಲ, ಅದು ಸಾಮಾನ್ಯವಾಗಿ 15ರಿಂದ 49 ವರ್ಷದವರ ಲೆಕ್ಕ. ನನ್ನ ಮುಂದೆ ಕೂರುವ ಅರವತ್ತೈದರ ಅಮ್ಮ ಅದರಲ್ಲಿ ಇಲ್ಲವೇ ಇಲ್ಲ.

ಅಂಥ ಒಬ್ಬ ಅಮ್ಮನ ವಿಷಯ ಹೇಳುತ್ತೇನೆ. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.

ಗಂಡ ಲಾರಿ ಓಡಿಸುತ್ತಿದ್ದರು, ತೀರಿಕೊಂಡು ಬಹಳ ವರ್ಷ ಆಯಿತು. ಅಮ್ಮ ಒಂದು ತಿಂಗಳೂ ಡ್ಯೂ, ಅಂದರೆ ಗುಳಿಗೆಗೆ ಬರಬೇಕಾದ ದಿನ, ತಪ್ಪಿಸಿದವರಲ್ಲ, ಉಳಿದ ಗುಳಿಗೆ ಎಣಿಸುವ ಪಿಲ್ ಕೌಂಟ್ ಸದಾ ಸರಿ. ಅಂಥವರ ವೈರಲ್ ಲೋಡ್, ಅಂದರೆ ರಕ್ತದಲ್ಲಿರುವ ವೈರಸ್ ಲೆಕ್ಕ, ಒಮ್ಮೆ ಸಾವಿರ ದಾಟಿ ಬಂತು. ಸಾವಿರ ದಾಟಿದರೆ ನಮ್ಮಲ್ಲಿ ಎಲ್ಲರಿಗೂ ಮೊದಲು ಬರುವ ಯೋಚನೆ ಒಂದೇ, ಗುಳಿಗೆ ಬಿಟ್ಟಿದ್ದಾರೆ. ಗುಳಿಗೆ ತಪ್ಪದೆ ತಗೊಳ್ಳಿ ಅಂತ ಮತ್ತೆ ತಿಳಿಹೇಳುವ ಸ್ಟೆಪ್-ಅಪ್ ಕೌನ್ಸೆಲಿಂಗ್‌ಗೆ ಕರೆದೆವು.

ಅವತ್ತು ಅವರು ಒಬ್ಬರೇ ಬರಲಿಲ್ಲ. ಮಣಿಕಟ್ಟು ಮುರಿದು ಕಟ್ಟು ಹಾಕಿದ್ದರು, ಬಸ್ ಹತ್ತಲು ಆಗದೆ ಮಗ ಬೈಕಿನಲ್ಲಿ ಕರೆತಂದಿದ್ದ. ಅಮ್ಮ ಇಲ್ಲಿಗೆ ಬರುವುದು ಸಕ್ಕರೆ ಗುಳಿಗೆಗೆ ಅಂತ ಅವನು ಅಂದುಕೊಂಡಿದ್ದ. ಓಪಿಡಿ ರಶ್, ಸರ್ವರ್ ಡೌನ್, ಡೇಟಾ ಮ್ಯಾನೇಜರ್ ಫೋನಿನಲ್ಲಿ ಜಗಳ ಆಡುತ್ತಿದ್ದರು. ತಲೆ ಎತ್ತಿ ನೋಡಿದರೆ ಅಮ್ಮನ ಹಿಂದೆಯೇ ಮಗ ಒಳಗೆ ಬಂದು ನಿಂತಿದ್ದಾನೆ. ಟೇಬಲ್ ಮೇಲೆ ಅಮ್ಮನ ಚಿಕಿತ್ಸೆಯ ದಾಖಲೆ ಇರುವ ವೈಟ್ ಕಾರ್ಡ್ ಬಿಚ್ಚಿದೆ, ಗೋಡೆಯಲ್ಲಿ ಏಡ್ಸ್‌ನ ಕೆಂಪು ರಿಬ್ಬನ್ನಿನ ಪೋಸ್ಟರ್.

"ಇದು ಯಾವ ಡಿಪಾರ್ಟ್‌ಮೆಂಟ್ ಮೇಡಂ?"

ನಾನು ಕಾರ್ಡ್ ಮಗುಚಿ ಹಾಕಿದೆ. ನೀವು ಸ್ವಲ್ಪ ಹೊರಗೆ ಕೂತಿರಿ ಅಂದೆ. "ನಾ ಅಕಿ ಮಗ ಅದೀನ್ರಿ, ನನ್ನ ಮುಂದನ ಹೇಳ್ರಿ" ಅಂದ. ಅವನ ಮಾತಿನಲ್ಲಿ ತಪ್ಪೇನೂ ಇಲ್ಲ. ತಾಯಿಯ ಮೇಲಿನ ಕಾಳಜಿ ಅದು. ಕಾನೂನು ನನಗೆ ಗೊತ್ತು. 2017ರ ಎಚ್‌ಐವಿ ಕಾಯ್ದೆ ಪ್ರಕಾರ ಅಮ್ಮನ ಒಪ್ಪಿಗೆ ಇಲ್ಲದೆ ಮಗನಿಗೂ ಹೇಳುವಂತಿಲ್ಲ. ಆದರೆ ಆ ಕಾಯ್ದೆಯ ಹೆಸರು ಎತ್ತಿದರೇ ವಿಷಯ ಹೇಳಿದ ಹಾಗಾಗುತ್ತದೆ. ಅವನ ಕಣ್ಣು ಪೋಸ್ಟರ್ ಕಡೆ ಹೋಗುತ್ತಿತ್ತು. ನನ್ನ ಬಾಯಿಂದ ಮಾತೇ ಹೊರಡಲಿಲ್ಲ.

ಅಮ್ಮ ತಿರುಗಿ ಕೂಡ ನೋಡದೆ, "ನೀ ಹೋಗಿ ಚಾ ಕುಡದು ಬಾ. ಇಲ್ಲಿ ಹೆಂಗಸರ ಮಾತು ಐತಿ" ಅಂದರು. ಮಗ ನಾಚಿ ಹೊರಗೆ ಹೋದ.

ಬಾಗಿಲು ಹಾಕಿಕೊಂಡ ಮೇಲೆ ನಾನು ಎಲ್ಲರಿಗೂ ಹೇಳುವ ಮಾತನ್ನೇ ಅವರಿಗೂ ಹೇಳಿದೆ. ಇನ್ನು ವಯಸ್ಸಾಗುತ್ತೆ, ಒಬ್ಬರೇ ಓಡಾಡೋಕೆ ಆಗಲ್ಲ, ಮಗ ಒಳ್ಳೆಯವನಿದ್ದಾನೆ, ಹೇಳಿಬಿಡಿ, ನಿಮ್ಮನ್ನ ಬಿಡಲ್ಲ ಅಂತ. ನನ್ನ ಲೆಕ್ಕದಲ್ಲಿ ಅವರ ಭಯ ಅದೇ, ಮನೆಯವರು ದೂರ ಮಾಡುತ್ತಾರೆ ಅನ್ನುವುದು.

"ಅವ ನನ್ನ ಬಿಡೂದಿಲ್ರಿ ಅಕ್ಕಾರ, ನನಗ ಗೊತ್ತೈತಿ. ಆದ್ರ ಅವರಪ್ಪನ ಫೋಟೋಕ್ಕ ಹೂವ ಹಾಕೂದು ಬಿಡ್ತಾನ."

ನಾನು ಇದನ್ನು ಒಮ್ಮೆಯೂ ಯೋಚಿಸಿರಲಿಲ್ಲ. ಇಷ್ಟು ವರ್ಷ ಅವರು ಕಾಯ್ದುಕೊಂಡು ಬಂದದ್ದು ತಮ್ಮ ಮಾನಕ್ಕಿಂತ ಹೆಚ್ಚಾಗಿ ಸತ್ತ ಗಂಡನ ಮಾನ. ನಮ್ಮ ಫಾರಂನಲ್ಲಿ ಮನೆಯವರಿಗೆ ಹೇಳಿದ್ದಾರಾ, ಹೌದು, ಇಲ್ಲ, ಅಷ್ಟೇ.

ರೋಗದ ಬಗ್ಗೆ ಕೇಳಿದೆ. "ಅದು ಮಲಕೊಂಡೈತಿ ಬಿಡ್ರಿ. ನನಗ ತ್ರಾಸ ಕೊಡೂದು ಸಕ್ರಿ ಮತ್ತ ಮೊಣಕಾಲು" ಅಂದರು. ಆದರೆ ಇದೇ ಅಮ್ಮ ಮನೆಯಲ್ಲಿ ಇವತ್ತಿಗೂ ತಮ್ಮ ತಾಟು, ಲೋಟ ಬೇರೆ ಇಟ್ಟಿದ್ದಾರೆ, ಮೊಮ್ಮಗುವಿಗೆ ಮುತ್ತು ಕೊಡುವುದಿಲ್ಲ. ಜೊತೆಗೆ ಊಟ ಮಾಡಿದರೆ, ಮುತ್ತು ಕೊಟ್ಟರೆ ಇದು ಅಂಟುವುದೇ ಇಲ್ಲ ಅಂತ ಎಷ್ಟೋ ಸಲ ಹೇಳಿದ್ದೇನೆ. ತಲೆ ಆಡಿಸುತ್ತಾರೆ, ತಾಟು ಮಾತ್ರ ಬೇರೆಯೇ. ಅವರ ಮನಸ್ಸಿನಲ್ಲಿ ಕೂತಿರುವುದು ತೊಂಬತ್ತರ ದಶಕದ ಏಡ್ಸ್ ಎಂದರೆ ಸಾವು ಅನ್ನುವ ಗೋಡೆ ಬರಹ. ಅದನ್ನು ಅಳಿಸುವ ಪೋಸ್ಟರ್ ನಾವಿನ್ನೂ ಮಾಡಿಲ್ಲ.

ಇನ್ನು ವೈರಲ್ ಲೋಡ್. ಎಲ್ಲ ಗುಳಿಗೆ ತೋರಿಸಿ ಅಂದೆ. ಸೆರಗಿನ ಗಂಟಿನಿಂದ ಒಂದು ಹಳೇ ಕುಂಕುಮದ ಡಬ್ಬಿ ತೆಗೆದರು. ನಾವು ಕೊಡುವ ಎಚ್‌ಐವಿ ಗುಳಿಗೆ ಟಿಎಲ್‌ಡಿಯ ಬಾಟಲಿ ಮನೆಗೆ ಹೋಗುವುದೇ ಇಲ್ಲವಂತೆ, ಬಸ್‌ಸ್ಟ್ಯಾಂಡಿನಲ್ಲೇ ಎಸೆದು ಗುಳಿಗೆ ಇದರೊಳಗೆ ಹಾಕಿಕೊಳ್ಳುತ್ತಾರೆ. ಅದರ ಜೊತೆಗೇ ಮೂಳೆ ಡಾಕ್ಟರ್ ಕೊಟ್ಟ ಕ್ಯಾಲ್ಸಿಯಂ. ಬೆಳಗ್ಗೆ ಎದ್ದು ಖಾಲಿ ಹೊಟ್ಟೆಯಲ್ಲಿ ಎರಡೂ ಒಟ್ಟಿಗೆ. ಹಾಗೆ ತಗೊಂಡರೆ ಟಿಎಲ್‌ಡಿಯಲ್ಲಿರುವ ಡೊಲುಟೆಗ್ರಾವಿರ್ ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ. ಒಂದೋ ಎರಡನ್ನೂ ಊಟದ ಜೊತೆ ತಗೋಬೇಕು, ಇಲ್ಲಾಂದ್ರೆ ಟಿಎಲ್‌ಡಿಯನ್ನು ಕ್ಯಾಲ್ಸಿಯಂಗಿಂತ 2 ಗಂಟೆ ಮೊದಲು ಅಥವಾ 6 ಗಂಟೆ ನಂತರ. ಮೂಳೆ ಡಾಕ್ಟರಿಗೆ ಇದು ಹೇಗೆ ಗೊತ್ತಾಗಬೇಕು? ಅಲ್ಲಿಗೂ ಮಗನೇ ಕರೆದುಕೊಂಡು ಹೋಗಿದ್ದ, ಅವನ ಮುಂದೆ ಅಮ್ಮ ಗ್ರೀನ್ ಬುಕ್ ತೆಗೆಯಲಿಲ್ಲ. ಸಕ್ಕರೆಯದೂ ಇದೇ ಕಥೆ. ಡೊಲುಟೆಗ್ರಾವಿರ್ ಜೊತೆ ಸಕ್ಕರೆ ಗುಳಿಗೆ ಮೆಟ್‌ಫಾರ್ಮಿನ್ ದಿನಕ್ಕೆ 1000 ಮಿಲಿಗ್ರಾಂ ದಾಟದಂತೆ ನೋಡಿಕೊಳ್ಳಬೇಕು, ಸಕ್ಕರೆ ಡಾಕ್ಟರಿಗೆ ಎಚ್‌ಐವಿ ಗೊತ್ತಿಲ್ಲ ಅಂದರೆ ಯಾರು ನೋಡಿಕೊಳ್ಳುತ್ತಾರೆ?

ನಮ್ಮ ಮೆಡಿಕಲ್ ಆಫೀಸರ್ ಗುಳಿಗೆ ಹೊತ್ತು ಬದಲಿಸಿದರು. ಮುಂದಿನ ಟೆಸ್ಟ್‌ನಲ್ಲಿ ವೈರಲ್ ಲೋಡ್ ಇಳಿದಿತ್ತು. ಗುಳಿಗೆ ಬಿಟ್ಟಿದ್ದೀರಾ ಅಂತ ನಾವು ಕೇಳಿದ್ದಕ್ಕೆ ಅಮ್ಮನಿಗೆ ತುಂಬ ನೋವಾಗಿತ್ತು. ಅದು ಟೆಸ್ಟ್ ರಿಪೋರ್ಟಿನಿಂದ ವಾಸಿ ಆಗುವಂಥದ್ದಲ್ಲ.

ಎಲ್ಲ ಹಿರಿಯರೂ ಹೀಗೇ ಯೋಚಿಸುತ್ತಾರೆ ಅಂತಲ್ಲ. ಸ್ಟಾವುಡಿನ್ ಅನ್ನುವ ಹಳೇ ಎಚ್‌ಐವಿ ಔಷಧಿಯ ಕಾಲದಿಂದ ಬರುತ್ತಿರುವ ಒಬ್ಬ ಅಜ್ಜ ಇದ್ದಾರೆ, ಆ ಔಷಧಿಗೆ ಕೆನ್ನೆ ಬತ್ತಿದ್ದು ಹಾಗೇ ಉಳಿದಿದೆ. ತಮ್ಮ ಜೊತೆ ಬೆಂಚಿನ ಮೇಲೆ ಕೂರುತ್ತಿದ್ದವರಲ್ಲಿ ಎಷ್ಟೋ ಜನ ಹೋದರು, ನನಗೆ ಸಿಕ್ಕಿದ್ದು ದೇವರು ಕೊಟ್ಟ ಹೆಚ್ಚಿನ ಆಯಸ್ಸು ಅನ್ನುತ್ತಾರೆ. ಏನಾದರೂ ನೋವು ಹೇಳಿಕೊಳ್ಳಿ ಅಂದರೂ ಹೇಳಲ್ಲ, ಬದುಕಿದ್ದೇ ದೊಡ್ಡದು ಅಂತ. ಕಿಡ್ನಿ ನೋಡುವ ಕ್ರಿಯೇಟಿನಿನ್ ಟೆಸ್ಟ್‌ಗೆ ನಾವೇ ಬೆನ್ನು ಹತ್ತಬೇಕು. ಅರವತ್ತರ ಮೇಲೆ ಹೊಸದಾಗಿ ಪಾಸಿಟಿವ್ ಬಂದವರದು ಇನ್ನೊಂದು ಸಂಕಟ. ತೂಕ ಇಳಿದು, ಜ್ವರ ಬಂದು ಊರೆಲ್ಲ ಸುತ್ತಿರುತ್ತಾರೆ, ಈ ವಯಸ್ಸಿನವರಿಗೆ ಎಚ್‌ಐವಿ ಟೆಸ್ಟ್ ಮಾಡಿಸೋಣ ಅಂತ ಯಾರಿಗೂ ಹೊಳೆದಿರುವುದಿಲ್ಲ. ನಮ್ಮ ಹತ್ತಿರ ಬರುವಷ್ಟರಲ್ಲಿ ರೋಗ ತಡೆಯುವ ಸಿಡಿ4 ಕಣಗಳ ಲೆಕ್ಕ ತಳ ಸೇರಿರುತ್ತದೆ. ಅವರಿಗೆ ಸಾವಿನ ಭಯ ಕಡಿಮೆ, ಸೊಸೆ ಏನಂದುಕೊಳ್ಳುತ್ತಾಳೋ ಅನ್ನುವುದೇ ಜಾಸ್ತಿ.

ಈಗ ನಾನು ಐವತ್ತು ದಾಟಿದವರಿಗೆ ಡಬ್ಬಿ, ಚೀಟಿ, ನಾಟಿ ಔಷಧಿ ಎಲ್ಲ ತರಲು ಹೇಳುತ್ತೇನೆ. ಜೊತೆಗೆ ಯಾರು ಬಂದಿದ್ದಾರೆ, ಅವರಿಗೆ ಎಷ್ಟು ಗೊತ್ತು ಅನ್ನುವುದನ್ನು ಬಾಗಿಲ ಹೊರಗೇ ಕೇಳಿಸುತ್ತೇನೆ. ಡ್ಯೂ ಕಾಲ್ ಮಾಡುವ ಮುಂಚೆ ಆ ನಂಬರ್ ಯಾರ ಕೈಯಲ್ಲಿರುತ್ತದೆ ಅಂತ ನೋಡುತ್ತೇವೆ. ಇದನ್ನೆಲ್ಲ ಬರೆಯಲು ಸಾಫ್ಟ್‌ವೇರ್‌ನಲ್ಲಿ ಜಾಗವಿಲ್ಲ, ವೈಟ್ ಕಾರ್ಡಿನ ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ಬರೆದುಕೊಳ್ಳುತ್ತೇನೆ. ಮಗನಿಗೆ ಹೇಳಿ ಅನ್ನುವ ಮಾತನ್ನು ಅವರೇ ಎತ್ತುವವರೆಗೆ ನಾನು ಎತ್ತುವುದಿಲ್ಲ.

ಆ ಅಮ್ಮನಿಗೆ ಈಗ ಕಣ್ಣಿನ ಪೊರೆ ಆಪರೇಷನ್ ಆಗಬೇಕು. ಆಪರೇಷನ್‌ಗೆ ಮುಂಚೆ ರಕ್ತ ಟೆಸ್ಟ್ ಮಾಡುತ್ತಾರೆ, ರಿಪೋರ್ಟ್ ತರೋದು ಮಗ. ಅಮ್ಮನ ಒಪ್ಪಿಗೆ ತಗೊಂಡು ಕಣ್ಣಿನ ಡಾಕ್ಟರ್ ಜೊತೆ ನಾವೇ ಮೊದಲು ಮಾತಾಡಿದ್ದೇವೆ, ರಿಪೋರ್ಟ್ ನೇರ ಆ ಡಾಕ್ಟರ್ ಕೈಗೇ ಹೋಗುತ್ತದೆ. ಲ್ಯಾಬ್‌ನವರಿಗೆ ಹೇಳುವುದು ಬಾಕಿ ಇದೆ, ಸೋಮವಾರ ಹೋಗಬೇಕು.